ಭಾವನವರ ಪ್ರಶ್ನೆಗೆ ನನ್ನ ಉತ್ತರ, ಸ್ವಲ್ಪ ಉದ್ದವಿದೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಭಾವನವರು ನಮ್ಮ ಮನೆಯವರ ಗುಂಪಿಗೆ ಕಳುಹಿಸಿದ ಧ್ವನಿ ಸಂದೇಶವನ್ನು ಬೆಳಗಿನ ನಡಿಗೆ ಮುಗಿಸಿ ಬಂದ ಮೇಲೆ ಎರಡು ಸಲ ಕೇಳಿದೆ. ಪುಟ್ಟ ವಿಜ್ಞಾನದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾನೆ, ಅವನು ಅಗ್ನಿವೀರನಾಗಿ, ಎಂದರೆ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷದ ಸೈನಿಕನಾಗಿ, ಸೇನೆಗೆ ಸೇರಲಿ, ನಾಲ್ಕು ವರ್ಷದ ನಂತರ ಬರುವ 11.71 ಲಕ್ಷ ರೂಪಾಯಿಯಲ್ಲಿ ಮೈಸೂರಿನಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಕೊಡೋಣ, ಆ ಮನೆಯ ತಾರಸಿಯಲ್ಲಿ ಅಕ್ಕ ಮಣ್ಣಿಲ್ಲದೆ ಸೊಪ್ಪು ಬೆಳೆದು ಮಾರಲಿ, ಇದು ಹೇಗೆ ಎಂದು ಕೇಳಿದ್ದೀರಿ. ಇಪ್ಪತ್ನಾಲ್ಕು ವರ್ಷ ಸೇನೆಯಲ್ಲಿದ್ದವನು, ಒಂದು ಮನೆಯನ್ನು ಬಾಡಿಗೆಗೆ ಕೊಟ್ಟಿರುವವನು, ತಾರಸಿಯಲ್ಲಿ ಪೈಪು ಜೋಡಿಸಿ ಒಂದೇ ಮಧ್ಯಾಹ್ನದಲ್ಲಿ ನಲವತ್ತು ಗಿಡ ಒಣಗಿಸಿದವನು ನಾನೇ ಆಗಿರುವುದರಿಂದ ಉತ್ತರ ಕೊಡುವ ಹೊಣೆ ನನ್ನ ಮೇಲೆಯೇ ಬಿತ್ತು. ಬಾಯಿಗೆ ಬಂದಂತೆ ಹೇಳಿ ಲೆಕ್ಕ ತಪ್ಪಬಾರದೆಂದು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡು ಓದುತ್ತಿದ್ದೇನೆ; ಮಾತು ಪುಸ್ತಕದ ಹಾಗೆ ಕೇಳಿಸಿದರೆ ನಗಬೇಡಿ.

ಮೊದಲಿಗೆ ಆ ಹಣದ ವಿಚಾರ. ಏಕೆಂದರೆ ನಿಮ್ಮ ಯೋಜನೆಯೆಲ್ಲ ನಿಂತಿರುವುದು ಅದರ ಮೇಲೆಯೇ. 2022ರ ಜೂನ್ 14ರಂದು ಅಗ್ನಿಪಥ ಯೋಜನೆಯನ್ನು ಪ್ರಕಟಿಸಿದಾಗ ಸರ್ಕಾರ ಹೇಳಿದ ಸಂಬಳ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500 ಮತ್ತು ನಾಲ್ಕನೆಯ ವರ್ಷ 40,000. ಇದರಲ್ಲಿ ಶೇಕಡ 30ರಷ್ಟನ್ನು, ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಕೊಡುವ ಸೇವಾ ನಿಧಿಗೆ ಹಿಡಿದುಕೊಳ್ಳುತ್ತಾರೆ, ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000 ಮಾತ್ರ. ನಾಲ್ಕು ವರ್ಷದಲ್ಲಿ ಹುಡುಗನ ಪಾಲು ಸುಮಾರು 5.02 ಲಕ್ಷವಾಗುತ್ತದೆ, ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ, ಬಡ್ಡಿಯೂ ಕೂಡಿ ನೀವು ಕೇಳಿರುವ ಆ 11.71 ಲಕ್ಷವಾಗುತ್ತದೆ, ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ಇಷ್ಟು ನಿಮಗೆ ಗೊತ್ತಿದೆ. ಆದರೆ ನಾಲ್ಕು ವರ್ಷ ಮುಗಿದ ಮೇಲೆ ಪ್ರತಿ ತಂಡದಲ್ಲಿ ಹೆಚ್ಚೆಂದರೆ ಶೇಕಡ 25ರಷ್ಟು ಜನರನ್ನು ಕಾಯಂ ಮಾಡಿಕೊಳ್ಳುತ್ತಾರೆ, ಹಾಗೆ ಉಳಿದವರಿಗೆ ನಿಧಿಯಿಂದ ಸಿಗುವುದು ಅವರದೇ ಪಾಲು ಮತ್ತು ಅದರ ಬಡ್ಡಿ ಮಾತ್ರ. ಎಂದರೆ, ಭಾವ, ಆ ದುಡ್ಡು ಪೂರ್ತಿಯಾಗಿ ನಿಮ್ಮ ಕೈಗೆ ಬರಬೇಕಾದರೆ ಪುಟ್ಟ ಸಮವಸ್ತ್ರ ಕಳಚಿ ಮನೆಗೆ ಬಂದಿರಬೇಕು. ಅಂಥವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಇಪ್ಪತ್ತೆರಡು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮತ್ತೆ ಓದಲು, ಬೇರೆ ಕೆಲಸ ಹುಡುಕಲು ಅಥವಾ ಏನಾದರೂ ಕಸುಬು ಶುರುಮಾಡಲು ಅವನಿಗಿರುವ ಆಸರೆ ಅದೊಂದೇ. ಅದನ್ನು ಇಟ್ಟಿಗೆ ಸಿಮೆಂಟಿನಲ್ಲಿ ಹೂತುಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಸೋದರಮಾವನಾಗಿ ಇಷ್ಟು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಹಾಗೆಂದು ಸೇನೆಗೆ ಸೇರಬೇಡ ಎನ್ನುತ್ತಿಲ್ಲ, ಪುಟ್ಟ. ನಿನಗೆ ಮನಸ್ಸಿದ್ದರೆ ಖಂಡಿತ ಹೋಗು, ಆದರೆ ಅಪ್ಪನ ಲೆಕ್ಕಕ್ಕಾಗಿ ಹೋಗಬೇಡ. ಜನರಲ್ ಡ್ಯೂಟಿ, ಎಂದರೆ ಸಾಮಾನ್ಯ ಸೈನಿಕನ ಹುದ್ದೆಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇಕಡ 45 ಮತ್ತು ಪ್ರತಿ ವಿಷಯದಲ್ಲಿ ಶೇಕಡ 33 ಅಂಕಗಳಿದ್ದರೆ ಸಾಕು. ನಿನಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಇಂಗ್ಲಿಷ್ ಇರುವುದರಿಂದ, ಒಟ್ಟು ಶೇಕಡ 50 ಹಾಗೂ ಪ್ರತಿ ವಿಷಯದಲ್ಲಿ ಶೇಕಡ 40 ಬಂದಿದ್ದರೆ ಟೆಕ್ನಿಕಲ್ ವಿಭಾಗಕ್ಕೂ ಅರ್ಜಿ ಹಾಕಬಹುದು. ನಾಲ್ಕು ವರ್ಷದ ನಂತರ ಹೊರಗೆ ಬಂದರೂ ಕೈಯಲ್ಲಿ ಒಂದು ವಿದ್ಯೆ ಇರಲಿ ಎನ್ನುವವರಿಗೆ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಮೈದಾನದಲ್ಲಿ ಓಟ ಮತ್ತು ದೇಹದ ಪರೀಕ್ಷೆ ನಡೆಯುವ ರ‍್ಯಾಲಿ. ನಮ್ಮ ಕಾಲದಲ್ಲಿ ಇದು ತಿರುಗುಮುರುಗಾಗಿತ್ತು. ಮೈದಾನದಲ್ಲಿ ಸಾವಿರಾರು ಹುಡುಗರು ರಾತ್ರಿಯೆಲ್ಲ ಕಾದು, ಬೆಳಗಿನ ಜಾವ ಹಸಿದ ಹೊಟ್ಟೆಯಲ್ಲಿ ಓಡುತ್ತಿದ್ದರು. ಈಗಿನ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಆದ್ದರಿಂದ ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊ.

ಓಟದ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ, ಹುಡುಗರು ಎಡವುವುದು ಅಲ್ಲಿಯೇ. 1.6 ಕಿಲೋಮೀಟರ್ ಅನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವರಿಗೆ 60 ಅಂಕ, ಕಂಬಿಗೆ ಜೋತು ಗಲ್ಲವನ್ನು ಮೇಲಕ್ಕೆತ್ತುವುದನ್ನು ಹತ್ತು ಸಲ ಮಾಡಿದರೆ 40 ಅಂಕ. ಜೊತೆಗೆ ಒಂಬತ್ತು ಅಡಿ ಹಳ್ಳ ಜಿಗಿಯಬೇಕು, ಅಂಕುಡೊಂಕಾದ ಮರದ ಹಲಗೆಯ ಮೇಲೆ ಬೀಳದೆ ನಡೆಯಬೇಕು. ರ‍್ಯಾಲಿಯ ದಿನ ಗೊತ್ತಾದ ಮೇಲೆ ಓಡಲು ಆರಂಭಿಸಿದವನಿಗೆ ಮೊಣಕಾಲಿನ ಕೆಳಗಿನ ಮೂಳೆ ನೋಯಲು ಹಿಡಿಯುತ್ತದೆ, ಅಲ್ಲಿಗೆ ಎಲ್ಲವೂ ಮುಗಿಯಿತು. ನಾಲ್ಕೈದು ತಿಂಗಳ ಮೊದಲೇ ಆರಂಭಿಸು, ಡಾಂಬರು ರಸ್ತೆಯಲ್ಲಿ ಓಡದೆ ಮಣ್ಣಿನ ಮೈದಾನದಲ್ಲಿ ಓಡು, ಮೊದಲ ತಿಂಗಳು ಗಡಿಯಾರವನ್ನೇ ನೋಡಬೇಡ, ನಿಲ್ಲದೆ ಮೂರು ಕಿಲೋಮೀಟರ್ ಹೋಗುವಷ್ಟು ಉಸಿರು ಬೆಳೆಸಿಕೊ, ವೇಗ ಆಮೇಲೆ. ನಮ್ಮ ಕಡೆಯವರಿಗೆ ಜನರಲ್ ಡ್ಯೂಟಿಗೆ ಎತ್ತರ 166 ಸೆಂಟಿಮೀಟರ್ ಇರಬೇಕು, ಎದೆ 77 ಸೆಂಟಿಮೀಟರ್ ಇದ್ದು ಉಸಿರೆಳೆದಾಗ 5 ಸೆಂಟಿಮೀಟರ್ ಹಿಗ್ಗಬೇಕು. ಕಿವಿಯ ಗುಗ್ಗೆಯನ್ನು ವೈದ್ಯರ ಬಳಿ ತೆಗೆಸಿಕೊ, ಹಲ್ಲು ತೋರಿಸು, ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿಕೊ. ಚೆನ್ನಾಗಿ ಓಡಿದ ಹುಡುಗರು ವೈದ್ಯಕೀಯ ತಪಾಸಣೆಯಲ್ಲಿ ಇಂಥ ಸಣ್ಣ ಸಂಗತಿಗಳಿಗೆ ಅಳುತ್ತಾ ಹೊರಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅರ್ಜಿ ಹಾಕುವುದು ಸೇನೆಯ ಸ್ವಂತ ಜಾಲತಾಣದಲ್ಲಿ ಮಾತ್ರ, ವಯಸ್ಸಿನ ಮಿತಿಯನ್ನೂ ಆ ವರ್ಷದ ಅಧಿಸೂಚನೆಯಲ್ಲಿ ನೋಡಿಯೇ ಹಾಕಬೇಕು. ಭಾವ, ‘ಒಳಗಿನವರ ಪರಿಚಯವಿದೆ, ಎರಡು ಲಕ್ಷ ಕೊಟ್ಟರೆ ಕೆಲಸ ಖಚಿತ’ ಎನ್ನುವ ದಲ್ಲಾಳಿ ನಿಮ್ಮ ಮನೆಯ ಬಾಗಿಲಿಗೆ ಬಂದೇ ಬರುತ್ತಾನೆ. ಕಾಫಿ ಕೊಟ್ಟು ಕಳುಹಿಸಿ, ದುಡ್ಡು ಕೊಡಬೇಡಿ. ಆಯ್ಕೆಯಾಗುವ ಹುಡುಗ ಹೇಗೂ ಆಗುತ್ತಾನೆ, ದಲ್ಲಾಳಿ ಆ ಯಶಸ್ಸನ್ನು ತನ್ನದೆಂದು ಹೇಳಿ ಹಣ ಇಟ್ಟುಕೊಳ್ಳುತ್ತಾನೆ.

ಇನ್ನೊಂದು ದಾರಿಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ಪುಟ್ಟನಿಗೆ ಈಗಷ್ಟೇ ಹದಿನೆಂಟು ತುಂಬಿದೆ. ಪುಣೆಯ ಬಳಿ ಖಡಕವಾಸ್ಲಾದಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಲು ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯವರೆಗೆ, ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಲಿಖಿತ ಪರೀಕ್ಷೆ ಕಠಿಣ, ಅದಕ್ಕಿಂತಲೂ ಆಮೇಲಿನ ಐದು ದಿನಗಳ ಸಂದರ್ಶನ ಕಠಿಣ, ನಿಜ. ಆದರೆ ಅಗ್ನಿವೀರನಾಗಲು ಇನ್ನೂ ಸಮಯವಿದೆ, ಈ ಬಾಗಿಲು ಮಾತ್ರ ವರ್ಷದೊಳಗೆ ಮುಚ್ಚಿಹೋಗುತ್ತದೆ. ಅಧಿಕಾರಿಯಾಗುವ ಅವಕಾಶಕ್ಕೆ ಒಂದು ಸಲವಾದರೂ ಕೈಚಾಚದೆ ಇರಬೇಡ, ಪುಟ್ಟ. ಹಿಂದಿನ ವರ್ಷಗಳ ಗಣಿತದ ಪ್ರಶ್ನೆಪತ್ರಿಕೆಗಳನ್ನು ಇಂದೇ ಬಿಡಿಸಲು ಕುಳಿತುಕೊ.

ಈಗ ಮನೆಯ ಮಾತು. ಮೈಸೂರಿನಲ್ಲಿ 50 ಲಕ್ಷದ ಮನೆಯೊಂದನ್ನು ನೋಡಿದಿರಿ ಎಂದಿಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲವನ್ನು ಬ್ಯಾಂಕುಗಳು ಮನೆಯ ಬೆಲೆಯ ಶೇಕಡ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಆದ್ದರಿಂದ 10 ಲಕ್ಷ ನಮ್ಮ ಕೈಯಿಂದ ಹೋಗಬೇಕು. ಸಾಲದ ಲೆಕ್ಕ ಹಾಕುವಾಗ ನೋಂದಣಿಯ ಖರ್ಚನ್ನು ಆ ಬೆಲೆಯಲ್ಲಿ ಸೇರಿಸುವುದಿಲ್ಲ: ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇಕಡ 2ಕ್ಕೆ ಏರಿರುವ ನೋಂದಣಿ ಶುಲ್ಕ, ಎಲ್ಲ ಕೂಡಿ ಸುಮಾರು ಶೇಕಡ 7.6, ಎಂದರೆ 3.8 ಲಕ್ಷ. ಅಲ್ಲಿಗೇ 13.8 ಲಕ್ಷವಾಯಿತು, ಪುಟ್ಟನ ಪೂರ್ತಿ ನಿಧಿ ಸುರಿದರೂ ಸಾಲದು. ಉಳಿದ 40 ಲಕ್ಷವನ್ನು ಇಪ್ಪತ್ತು ವರ್ಷಕ್ಕೆ ಶೇಕಡ 8.5ರ ಬಡ್ಡಿಗೆ ತಂದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಅಂಥ ಮನೆಗೆ ಬಾಡಿಗೆ 13,000 ಬಂದರೂ ಪ್ರತಿ ತಿಂಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಣವನ್ನು ಯಾರು ತುಂಬುತ್ತಾರೆ? ವರ್ಷದ ಬಾಡಿಗೆಯನ್ನು ಮನೆಯ ಬೆಲೆಗೆ ಹೋಲಿಸಿದರೆ ಶೇಕಡ ಮೂರರಷ್ಟು ಗಿಟ್ಟುತ್ತದೆ, ಸಾಲದ ಬಡ್ಡಿ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಕಂದಾಯ, ಸುಣ್ಣಬಣ್ಣ, ಮನೆ ಖಾಲಿಯಾಗಿರುವ ತಿಂಗಳುಗಳು, ಇವನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ನಿಮಗೆ ಬಾಡಿಗೆಯ ಆದಾಯವೇ ಬೇಕಾದರೆ ಹಾಸನದಲ್ಲಿರುವ ನಿಮ್ಮ ಮನೆಯ ಮೇಲೆಯೇ ಇನ್ನೊಂದು ಮನೆ ಕಟ್ಟಿಸಿ. ನಿವೇಶನದ ಬೆಲೆ ಕೊಡಬೇಕಾಗಿಲ್ಲ, ಖರ್ಚು ಕಟ್ಟಡಕ್ಕೆ ಮಾತ್ರ. ಏಳುನೂರು ಚದರಡಿಗೆ ಹದಿನೈದು ಲಕ್ಷದ ಆಸುಪಾಸು ಹಿಡಿದು, ಬಾಡಿಗೆ ಒಂಬತ್ತು ಸಾವಿರ ಎಂದುಕೊಂಡರೂ ಶೇಕಡ ಏಳರಷ್ಟು ಗಿಟ್ಟುತ್ತದೆ. ಬಾಡಿಗೆದಾರರು ಕಣ್ಣೆದುರಿಗೇ ಇರುತ್ತಾರೆ, ನಲ್ಲಿ ಸೋರಿದರೆ ಬಸ್ಸು ಹತ್ತಿ ಹೋಗಬೇಕಾಗಿಲ್ಲ. ಅದಕ್ಕೂ ಮೊದಲು ಒಬ್ಬ ಇಂಜಿನಿಯರಿಂದ ತಳಪಾಯ ಮತ್ತು ಕಂಬಗಳನ್ನು ನೋಡಿಸಿ, ನಕ್ಷೆಗೆ ನಗರಾಡಳಿತದ ಅನುಮೋದನೆ ಪಡೆಯಿರಿ. ಅದಕ್ಕೆ ಹಾಕುವ ಹಣ ಪುಟ್ಟನದಲ್ಲ, ನಿಮ್ಮ ನಿವೃತ್ತಿಯದಾಗಿರಲಿ.

ಬಾಡಿಗೆಗೆ ಕೊಡುವಾಗ ಎಲ್ಲರೂ ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುವುದಕ್ಕೆ ಕಾರಣವಿದೆ: 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷವನ್ನು ಮೀರುವ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಬಾಡಿಗೆಯನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ, ಆದಾಯ ತೆರಿಗೆಗೆ ತೋರಿಸುವಾಗ ಕಟ್ಟಿದ ಕಂದಾಯವನ್ನು ಕಳೆದು ಉಳಿದದ್ದರಲ್ಲಿ ಶೇಕಡ 30ರಷ್ಟು ವಿನಾಯಿತಿ ಸಿಗುತ್ತದೆ. ಮನೆಯನ್ನು ಭೋಗ್ಯಕ್ಕೆ ಮಾತ್ರ ಕೊಡಬೇಡಿ. ನಾನು ಒಮ್ಮೆ ಕೊಟ್ಟೆ, ಬಂದ ಐದು ಲಕ್ಷವನ್ನು ಮಗಳ ಮದುವೆಗೆ ಖರ್ಚು ಮಾಡಿದೆ, ಮೂರು ವರ್ಷದ ನಂತರ ಅವರು ಮನೆ ಬಿಡುತ್ತೇವೆ ಎಂದಾಗ ಕೊಡಲು ಹಣವಿಲ್ಲದೆ ಚಿನ್ನ ಅಡವಿಡಬೇಕಾಯಿತು. ಅದು ಆದಾಯದಂತೆ ಕಾಣುವ ಸಾಲ ಎಂದು ಆಗ ನನಗೆ ಹೊಳೆದಿರಲಿಲ್ಲ. ಇದನ್ನು ಮನೆಯವರೆಲ್ಲ ಈ ಗುಂಪಿನಲ್ಲಿ ಕೇಳಿಸಿಕೊಳ್ಳುತ್ತಾರೆ ಎಂದು ತಿಳಿದೇ ಹೇಳುತ್ತಿದ್ದೇನೆ, ಅಕ್ಕ.

ಇನ್ನು ನಿನ್ನ ತೋಟ, ಅಕ್ಕ. ಅದಕ್ಕೆ ಮೈಸೂರಿನ ಮನೆಯೂ ಬೇಡ, ನಾಲ್ಕು ವರ್ಷ ಕಾಯುವುದೂ ಬೇಡ, ಈ ವಾರವೇ ಆರಂಭಿಸಬಹುದು. ಪೈಪು, ಮೋಟಾರು ಎಲ್ಲ ಸೇರಿಸಿ ಮಾರುವವರ ಮಾತಿಗೆ ಈಗಲೇ ಮರುಳಾಗಬೇಡ. ಪೈಪಿನಲ್ಲಿ ತೆಳುವಾಗಿ ನೀರು ಹರಿಯುವ ಪದ್ಧತಿಯಲ್ಲಿ ಬೇರುಗಳಿಗೆ ಬೇರೆ ತೇವವೇ ಇರುವುದಿಲ್ಲ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಮ್ಮಲ್ಲಿ ಮೂರು ಗಂಟೆ ಕರೆಂಟು ಹೋದಾಗ ನನ್ನ ಪಾಲಕ್ ಎಲ್ಲ ಬಾಡಿ ಮಲಗಿತು. ಹದಿನೈದು ಲೀಟರಿನ ಮುಚ್ಚಳವಿರುವ ಒಂದು ಡಬ್ಬ ತೆಗೆದುಕೊ, ಬೆಳಕು ಒಳಗೆ ಹೋಗಿ ಪಾಚಿ ಕಟ್ಟದಂತೆ ಹೊರಗೆ ಕಪ್ಪು ಬಣ್ಣ ಬಳಿದು ಅದರ ಮೇಲೆ ಬಿಸಿಲಿಗೆ ಕಾಯದಂತೆ ಬಿಳಿ ಬಣ್ಣ ಬಳಿ, ಒಳಗೆ ಪೋಷಕಾಂಶ ಬೆರೆಸಿದ ನೀರು ತುಂಬಿ, ಮುಚ್ಚಳದಲ್ಲಿ ತೂತು ಕೊರೆದು ಸಸಿಯಿರುವ ಜಾಲರಿಯ ಸಣ್ಣ ಕುಂಡ ಕೂರಿಸು. ಗಿಡ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ, ಖಾಲಿಯಾದ ಜಾಗದಲ್ಲಿ ಬೇರಿನ ಮೇಲ್ಭಾಗಕ್ಕೆ ಗಾಳಿ ಸಿಗುತ್ತದೆ, ಮೋಟಾರಿನ ಅಗತ್ಯವೇ ಇಲ್ಲ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಎಂಬ ವಿಜ್ಞಾನಿಯ ಹೆಸರಿನಲ್ಲಿ ಈ ವಿಧಾನ ಪ್ರಸಿದ್ಧವಾಗಿದೆ. ಆದರೆ ಮಟ್ಟ ಇಳಿದಿದೆಯೆಂದು ಮತ್ತೆ ಕಂಠಮಟ್ಟ ತುಂಬಿಸಬೇಡ, ಗಾಳಿಗೆ ಒಗ್ಗಿದ ಬೇರು ಮುಳುಗಿದರೆ ಕೊಳೆಯುತ್ತದೆ.

ಪೋಷಕಾಂಶದ ದ್ರಾವಣ ಎ ಮತ್ತು ಬಿ ಎಂದು ಎರಡು ಬಾಟಲಿಗಳಲ್ಲಿ ಬರುತ್ತದೆ. ಒಂದರಲ್ಲಿರುವ ಕ್ಯಾಲ್ಸಿಯಂ ಇನ್ನೊಂದರಲ್ಲಿರುವ ಸಲ್ಫೇಟ್ ಮತ್ತು ಫಾಸ್ಫೇಟ್‌ಗಳೊಡನೆ ನೀರು ಸೇರಿಸದೆ ನೇರವಾಗಿ ಬೆರೆತರೆ ಸುಣ್ಣದ ಹಾಗೆ ತಳಕ್ಕೆ ಕುಳಿತು ಗಿಡಕ್ಕೆ ಸಿಗದಂತಾಗುತ್ತದೆ, ಆದ್ದರಿಂದ ಒಂದನ್ನು ನೀರಿಗೆ ಹಾಕಿ ಚೆನ್ನಾಗಿ ಕದಡಿದ ಮೇಲೆಯೇ ಇನ್ನೊಂದನ್ನು ಹಾಕು. ದ್ರಾವಣದ ಪಿಎಚ್, ಎಂದರೆ ಆಮ್ಲ-ಕ್ಷಾರದ ಅಳತೆ, 5.5ರಿಂದ 6.5ರ ನಡುವೆ ಇರಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಪಿಎಚ್ ಮೇಲೇರುತ್ತಲೇ ಇರುತ್ತದೆ, ಆದ್ದರಿಂದ ಮಳೆನೀರು ಹಿಡಿದಿಟ್ಟರೆ ಒಳ್ಳೆಯದು. ಡಬ್ಬದಲ್ಲಿ ಒಂದಿಂಚು ಸಂದು ಬಿಟ್ಟರೂ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗಿ ಬರುವ ಕಾಲದಲ್ಲಿ ಅದೊಂದು ಎಚ್ಚರ. ನೀರಿನ ಕೆಲಸ ಬೇಸರವೆನಿಸಿದರೆ ನಮ್ಮ ಕಡೆ ಬೇಕಾದಷ್ಟು ಸಿಗುವ ತೆಂಗಿನ ನಾರಿನ ಪುಡಿಯಲ್ಲಿಯೂ ಬೆಳೆಯಬಹುದು, ಉಪ್ಪಿನಂಶ ಹೋಗುವವರೆಗೆ ತೊಳೆದು ಬಳಸಬೇಕು ಅಷ್ಟೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹುದುಗಿಸಿದ ನಾರಿನ ಪುಡಿಯನ್ನೇ ಸಿದ್ಧಪಡಿಸಿದ್ದಾರೆ.

ಮಾರುವ ಮಾತು ಸದ್ಯಕ್ಕೆ ಬೇಡ. ಸಂತೆಯಲ್ಲಿ ಕಟ್ಟಿಗೆ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಸೊಪ್ಪಿನ ಜೊತೆ ನಿನ್ನ ದ್ರಾವಣದ ಸೊಪ್ಪು ಬೆಲೆಯಲ್ಲಿ ಪೈಪೋಟಿ ಮಾಡಲಾರದು. ಮೊದಲು ಮನೆಗೆ ಬೇಕಾದ ಪಾಲಕ್, ಪುದೀನ ಬೆಳೆ. ತೊಟ್ಟಿಗಳನ್ನು ಹೆಚ್ಚಿಸುವ ಮುನ್ನ ತಾರಸಿಯ ಭಾರ ನೆನಪಿರಲಿ: ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ, ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಆಳದ ನೀರು ನಿಂತರೆ ಅಷ್ಟು ಭಾರವಾಗಿಬಿಡುತ್ತದೆ. ಮೇಲೆ ಮನೆ ಕಟ್ಟಿಸುವುದಾದರೆ ಇದನ್ನೂ ಅದೇ ಇಂಜಿನಿಯರ್ ಬಂದಾಗ ಕೇಳಿಬಿಡಿ.

ಭಾವ, ಮುಂದಿನ ಭಾನುವಾರ ನಾನು ಹಾಸನಕ್ಕೆ ಬರುತ್ತಿದ್ದೇನೆ. ಮನೆಯ ಕ್ರಯಪತ್ರ ಮತ್ತು ಹಳೆಯ ನಕ್ಷೆಯನ್ನು ಹುಡುಕಿ ತೆಗೆದಿಡಿ. ಪುಟ್ಟ, ನೀನು ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿರು, ಗಡಿಯಾರ ನಾನು ತರುತ್ತೇನೆ.