ಇಂಟರಾಕ್ಟಿವ್ ಮೀಡಿಯಾದಲ್ಲಿ ಎಂ.ಡೆಸ್. (ಮಾಸ್ಟರ್ ಆಫ್ ಡಿಸೈನ್) ಮಾಡಬೇಕೆಂದವರಿಗೆ: ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗ, ಎಲೆಕ್ಟ್ರಾನಿಕ್ಸ್ ಬಿ.ಇ. ಕೊನೆಯ ವರ್ಷ): ಇಂಟರಾಕ್ಟಿವ್ ಮೀಡಿಯಾ ಅಂದರೆ ಆ್ಯಪ್‌ಗಳ ಪರದೆ ಬಿಡಿಸೋದಾ? ನನಗೆ ಚಿತ್ರ ಅಷ್ಟಾಗಿ ಬರಲ್ಲ. ಸೀಡ್ (ಡಿಸೈನ್ ಸ್ನಾತಕೋತ್ತರ ಪ್ರವೇಶ) ಪರೀಕ್ಷೆ ಬರೆಯಬಹುದಾ? ಕರ್ನಾಟಕದಲ್ಲೇ ಓದೋಕೆ ದಾರಿ ಇದೆಯಾ?

ಉತ್ತರ (ಡಿಸೈನ್ ಶಾಲೆಯ ಬೋಧಕಿ): ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ. ಇಂಟರಾಕ್ಷನ್ ಡಿಸೈನ್‌ನಲ್ಲಿ ಬಳಸುವ ಜನರ ಅಧ್ಯಯನ, ಪರದೆ, ಸೇವೆಗಳ ವಿನ್ಯಾಸವೇ ಹೆಚ್ಚು. ನ್ಯೂ ಮೀಡಿಯಾದಲ್ಲಿ ಸೆನ್ಸರ್, ಪ್ರೊಜೆಕ್ಷನ್, ಧ್ವನಿ, ಕೋಡ್ ಎಲ್ಲ ಸೇರಿಸಿ ಒಂದು ಕೋಣೆಯನ್ನೋ ವಸ್ತುವನ್ನೋ ಸ್ಪಂದಿಸುವಂತೆ ಮಾಡುತ್ತೀರಿ. ಅದು ಕಲೆಯ ಕಡೆಗೆ ವಾಲಿದ ಓದು. ಗೇಮ್ ಡಿಸೈನ್ ಮೂರನೆಯದು, ಅದರ ಶಿಸ್ತೇ ಬೇರೆ.

ಎನ್‌ಐಡಿಯ (ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ) ಬೆಂಗಳೂರು ಕ್ಯಾಂಪಸ್‌ನಲ್ಲಿ ಇಂಟರಾಕ್ಷನ್ ಡಿಸೈನ್ ಮತ್ತು ಡಿಜಿಟಲ್ ಗೇಮ್ ಡಿಸೈನ್ ಇವೆ. ನ್ಯೂ ಮೀಡಿಯಾ ಡಿಸೈನ್ ಬೇಕಾದರೆ ಗಾಂಧಿನಗರ ಕ್ಯಾಂಪಸ್‌ಗೆ ಹೋಗಬೇಕು. ಎರಡೂ ಕಡೆ ಎಂ.ಡೆಸ್. ಎರಡೂವರೆ ವರ್ಷ, ಪ್ರವೇಶ ಅವರದೇ ಡ್ಯಾಟ್ ಪರೀಕ್ಷೆಯ ಮೂಲಕ. ಯಲಹಂಕದ ಸೃಷ್ಟಿ ಮಣಿಪಾಲ್ ಸಂಸ್ಥೆ ಇನ್ನೊಂದು ದಾರಿ. ಸೀಡ್ ಅಂಕ ನಡೆಯುವುದು ಐಐಟಿಗಳಲ್ಲಿ ಮತ್ತು ಅದನ್ನು ಒಪ್ಪುವ ಬೇರೆ ಕೆಲವು ಕಡೆ. ಐಐಟಿ ಬಾಂಬೆಯ ಡಿಸೈನ್ ಶಾಲೆ ಐಡಿಸಿ ಶುರುವಾದದ್ದು 1969ರಲ್ಲಿ. ಅಲ್ಲಿನ ಇಂಟರಾಕ್ಷನ್ ಡಿಸೈನ್ ಎಂ.ಡೆಸ್. ಎರಡು ವರ್ಷದ್ದು.

ಸೀಡ್‌ಗೆ ಮೂರು ವರ್ಷದ ಪದವಿ ಸಾಕು, ಬಿ.ಇ. ಆದರೂ ಸರಿ ಬಿ.ಎ. ಆದರೂ ಸರಿ. ಎ ಭಾಗ ಒಂದು ಗಂಟೆ, ಕಂಪ್ಯೂಟರಿನಲ್ಲಿ. ಬಿ ಭಾಗ ಎರಡು ಗಂಟೆ, ಪ್ರಶ್ನೆ ಪರದೆಯ ಮೇಲೆ, ಉತ್ತರ ಕೈಯಲ್ಲಿ. ಎ ಭಾಗದಲ್ಲಿ ಸೋಸಿ ಉಳಿದವರ ಬಿ ಭಾಗವನ್ನಷ್ಟೇ ಮೌಲ್ಯಮಾಪನ ಮಾಡುತ್ತಾರೆ. ಅಂತಿಮ ಅಂಕದಲ್ಲಿ ಎ ಭಾಗಕ್ಕೆ ಕಾಲು ಪಾಲು, ಬಿ ಭಾಗಕ್ಕೆ ಮುಕ್ಕಾಲು. ಅಂಕ ಒಂದು ವರ್ಷ ಮಾತ್ರ ಊರ್ಜಿತ.

ಚಿತ್ರದ ಬಗ್ಗೆ: ಬಿ ಭಾಗದಲ್ಲಿ ಬೇಕಾದದ್ದು ಅಂದಕ್ಕಿಂತ ಸ್ಪಷ್ಟತೆ. ಒಂದು ಅಭ್ಯಾಸ ಹೇಳುತ್ತೇನೆ. ಬಸ್ ನಿಲ್ದಾಣದಲ್ಲಿ ನಿಂತು ಗಮನಿಸಿ. ನೆಲ ಸಮವಾಗಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ, ಹತ್ತಿರದವರದಾಗಲಿ ದೂರದವರದಾಗಲಿ, ಒಂದೇ ಅಡ್ಡಗೆರೆಯ ಮೇಲೆ ಬರುತ್ತವೆ. ದೂರ ಹೋದಷ್ಟೂ ಪಾದಗಳು ಮಾತ್ರ ಮೇಲೇರುತ್ತವೆ. ಈ ಗೆರೆಯನ್ನು ಮೊದಲು ಎಳೆದು ಜನರನ್ನು ಅದಕ್ಕೆ ನೇತುಹಾಕಿ. ಅದಿಲ್ಲದೆ ಬಿಡಿಸಿದರೆ ಹಿಂದಿನವರು ಗಾಳಿಯಲ್ಲಿ ತೇಲುತ್ತಾರೆ ಇಲ್ಲವೇ ಕುಬ್ಜರಾಗುತ್ತಾರೆ. ದಿನಕ್ಕೆ ಎರಡು ಹಾಳೆಯಂತೆ ಮೂರು ತಿಂಗಳು ಬಿಡಿಸಿ, ಕೈ ತಾನಾಗಿ ತಿರುಗುತ್ತದೆ.

ಸಮಸ್ಯೆ ಗುರುತಿಸುವ ಪ್ರಶ್ನೆಯಲ್ಲಿ ಎಂಜಿನಿಯರುಗಳು ಪರಿಹಾರಕ್ಕೆ ಹಾರಿ ಅಂಕ ಕಳೆದುಕೊಳ್ಳುತ್ತಾರೆ. "ನಲ್ಲಿಯಲ್ಲಿ ನೀರು ಪೋಲಾಗುತ್ತದೆ" ಎಂದು ಬರೆದರೆ ಏನೂ ನೋಡಿದಂತಾಗಲಿಲ್ಲ. "ಒಂದು ಕೊಡ ಒಳಗಿಡಲು ಹೋದವರಿಗೆ ಹೊರಗಿನ ಕೊಡ ತುಂಬುವ ಸದ್ದು ಅಡುಗೆಮನೆಗೆ ಕೇಳಿಸುವುದಿಲ್ಲ" ಎಂದರೆ ನೋಡಿದ್ದೀರಿ ಎಂದಾಯಿತು.

ಪ್ರಶ್ನೆ (ಉಡುಪಿ, ಬಿ.ಎ., ರಂಗಭೂಮಿಯಲ್ಲಿ ಕೆಲಸ): ಕೋಡಿಂಗ್ ಗೊತ್ತೇ ಇಲ್ಲ. ಎಲ್ಲಿಂದ ಶುರು ಮಾಡಲಿ? ಪೋರ್ಟ್‌ಫೋಲಿಯೊಗೆ ಏನು ಹಾಕಲಿ? ತಮಟೆ ಹೊಡೆದರೆ ಗೋಡೆಯ ಮೇಲೆ ಬೆಳಕಿನ ಚಿತ್ರ ಮೂಡುವ ಒಂದು ಯೋಚನೆ ಇದೆ.

ಉತ್ತರ (ಇನ್‌ಸ್ಟಲೇಷನ್ ತಂತ್ರಜ್ಞ): ಆ ಯೋಚನೆಯೇ ಸಾಕು, ಅದನ್ನೇ ಮಾಡಿ. ಪಿ5.ಜೆಎಸ್ (ಕೋಡಿನಿಂದ ಚಿತ್ರ ಬಿಡಿಸುವ ಉಪಕರಣ) ಬ್ರೌಸರಿನಲ್ಲೇ ನಡೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಎರಡು ತಿಂಗಳು ಅದನ್ನು ಕಲಿತು ಆಮೇಲೆ ಆರ್ಡುಯಿನೊ (ಸೆನ್ಸರ್ ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್) ಹಿಡಿಯಿರಿ.

ಬೇಕಾಗುವ ಸಾಮಾನು: ಒಂದು ಆರ್ಡುಯಿನೊ ಯುನೊ, 27 ಅಥವಾ 35 ಮಿಲಿಮೀಟರಿನ ಪೀಜೋ ಬಿಲ್ಲೆ (ಪೆಟ್ಟನ್ನು ವಿದ್ಯುತ್ತಾಗಿ ಬದಲಿಸುವ ಸೆನ್ಸರ್), 1 ಮೆಗಾ ಓಮ್ ರೆಸಿಸ್ಟರ್, 5.1 ವೋಲ್ಟ್ ಜೀನರ್ ಡಯೋಡ್. ಬೆಂಗಳೂರಿಗೆ ಬಂದರೆ ಎಸ್‌.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಪೀಜೋದ ಒಂದು ತಂತಿ ಆರ್ಡುಯಿನೊದ ಎ0 ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ರೆಸಿಸ್ಟರನ್ನು ಅದಕ್ಕೆ ಸಮಾಂತರವಾಗಿ ಹಾಕಿ. ಪೀಜೋ ಕೆಪ್ಯಾಸಿಟರಿನಂತೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಅದು ಇಳಿದುಹೋಗಲು ದಾರಿ ಕೊಡದಿದ್ದರೆ ಒಂದೇ ಹೊಡೆತದ ಬೆಲೆ ಮೇಲೆಯೇ ನಿಂತುಬಿಡುತ್ತದೆ. ಜೋರಾದ ಹೊಡೆತಕ್ಕೆ ಪೀಜೋ 5 ವೋಲ್ಟಿಗಿಂತ ಎಷ್ಟೋ ಹೆಚ್ಚು ಹುಟ್ಟಿಸುತ್ತದೆ, ಪಿನ್ ಸುಡದಂತೆ ಕಾಯುವುದೇ ಜೀನರ್‌ನ ಕೆಲಸ. ಅದರ ಪಟ್ಟಿಯಿರುವ ತುದಿ ಎ0 ಕಡೆಗೆ, ಇನ್ನೊಂದು ತುದಿ ಗ್ರೌಂಡಿಗೆ ಇರಲಿ. ತಿರುಗಿಸಿ ಹಾಕಿದರೆ ಪಿನ್ನಿನಲ್ಲಿ ಸಿಗುವ ಓದು ಸದಾ ತಳದಲ್ಲೇ ಇರುತ್ತದೆ.

ಬಿಲ್ಲೆಯನ್ನು ಚರ್ಮಕ್ಕೆ ಅಂಟಿಸಬೇಡಿ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಅಂಟು ಉಳಿಯುವುದಿಲ್ಲ. ತಮಟೆಯ ಬಳೆಯ (ಸುತ್ತಿನ ಚೌಕಟ್ಟಿನ) ಒಳಮೈಗೆ ಅಂಟಿಸಿ, ತಂತಿ ಬೆಸೆದ ಜಾಗಕ್ಕೆ ಬಿಸಿ ಅಂಟು ಹಾಕಿ. ಮೊದಲು ಕಿತ್ತುಹೋಗುವುದು ಆ ಬೆಸುಗೆಯೇ. ಕಾಯಿಸಿದಾಗ ಚರ್ಮದ ಬಿಗಿ ಬದಲಾಗಿ ಹೊಡೆತದ ಬಲವೂ ಬೇರೆಯಾಗಿ ದಾಖಲಾಗುತ್ತದೆ. ಆದ್ದರಿಂದ ಇಷ್ಟು ದಾಟಿದರೆ ಪೆಟ್ಟು ಎನ್ನುವ ಮಿತಿಯ ಬೆಲೆಯನ್ನು ಕೋಡಿನಲ್ಲಿ ಬಿಗಿಯದೆ, ಪ್ರದರ್ಶನಕ್ಕೆ ಮೊದಲು ಹತ್ತು ಸೆಕೆಂಡ್ ಬಾರಿಸಿ ಹೊಂದಿಸುವಂತಿರಲಿ.

ಕೋಡಿನಲ್ಲಿ ಎಡವುವುದು ಎರಡು ಕಡೆ. ಪಾಠದ ಉದಾಹರಣೆಗಳಲ್ಲಿರುವ 100 ಮಿಲಿಸೆಕೆಂಡಿನ ಡಿಲೇಯನ್ನು ಹಾಗೇ ಬಿಟ್ಟರೆ ಹೊಡೆತಗಳೇ ತಪ್ಪಿಹೋಗುತ್ತವೆ, ಏಕೆಂದರೆ ಪೀಜೋ ಮಿಡಿಯುವುದು ಕೆಲವೇ ಮಿಲಿಸೆಕೆಂಡು. ಡಿಲೇ ತೆಗೆಯಿರಿ. ಮಿತಿ ದಾಟಿದ ಕೂಡಲೇ 5 ಮಿಲಿಸೆಕೆಂಡ್ ಓದುತ್ತ ಹೋಗಿ, ಸಿಕ್ಕ ಅತಿ ದೊಡ್ಡ ಬೆಲೆಯನ್ನಷ್ಟೇ ಕಳಿಸಿ. ಆಮೇಲೆ 40 ಮಿಲಿಸೆಕೆಂಡ್ ಏನನ್ನೂ ಕೇಳಿಸಿಕೊಳ್ಳದಿರಿ, ಇಲ್ಲದಿದ್ದರೆ ಒಂದೇ ಪೆಟ್ಟಿನ ಕಂಪನ ಮೂರು ಪೆಟ್ಟಾಗಿ ಎಣಿಕೆಯಾಗುತ್ತದೆ. ಸೆಕೆಂಡಿಗೆ ಹತ್ತು ಪೆಟ್ಟು ಬಿದ್ದರೂ ನಡುವೆ 100 ಮಿಲಿಸೆಕೆಂಡ್ ಇರುವುದರಿಂದ ನಷ್ಟವಿಲ್ಲ.

ಎರಡನೆಯದು ಇನ್ನೂ ಮೋಸದ್ದು. ಪ್ರತಿ ಓದನ್ನೂ ಕಂಪ್ಯೂಟರಿಗೆ ಕಳಿಸುತ್ತ ಹೋದರೆ 9600 ಬಾಡ್ (ದತ್ತಾಂಶ ಕಳಿಸುವ ವೇಗ) ಇಟ್ಟಾಗ ಸೆಕೆಂಡಿಗೆ 150ಕ್ಕೂ ಹೆಚ್ಚು ಸಾಲು ಬರುತ್ತವೆ. ಪಿ5 ಚಿತ್ರ ಬರೆಯುವುದು ಸೆಕೆಂಡಿಗೆ 60 ಸಲ, ಪ್ರತಿ ಸಲವೂ ಒಂದು ಸಾಲು ಓದಿದರೆ ಉಳಿದವು ಸರದಿಯಲ್ಲಿ ಕೂಡಿಕೊಳ್ಳುತ್ತವೆ. ಮೊದಲ ಕೆಲವು ಸೆಕೆಂಡು ಎಲ್ಲ ಚಂದ, ಹತ್ತನೇ ನಿಮಿಷಕ್ಕೆ ಪೆಟ್ಟು ಈಗ, ಬೆಳಕು ಯಾವಾಗಲೋ. ಹೊಡೆತವಾದಾಗ ಮಾತ್ರ ಕಳಿಸಿ, 115200 ಬಾಡ್ ಇಡಿ, ಪ್ರತಿ ಸಲವೂ ಸರದಿ ಖಾಲಿಯಾಗುವವರೆಗೆ ಓದಿ.

ಬ್ರೌಸರಿನಿಂದ ಆರ್ಡುಯಿನೊ ಮಾತಾಡುವ ಸೀರಿಯಲ್ ಪೋರ್ಟ್ ತೆರೆಯಲು ಕ್ರೋಮ್ ಅಥವಾ ಎಡ್ಜ್ ಬಳಸಿ. ಮೊದಲ ಸಲ ಪೋರ್ಟ್ ಆರಿಸಲು ಒಂದು ಕ್ಲಿಕ್ ಬೇಕೇ ಬೇಕು. ಧ್ವನಿಗೂ ಹಾಗೆಯೇ, ಯಾರಾದರೂ ಕ್ಲಿಕ್ ಮಾಡುವವರೆಗೆ ಕ್ರೋಮ್ ಸದ್ದು ಹೊರಡಿಸುವುದಿಲ್ಲ. ಎರಡನ್ನೂ "ಆರಂಭಿಸಿ" ಎಂಬ ಒಂದೇ ಗುಂಡಿಗೆ ಕಟ್ಟಿ. ಪ್ರೊಜೆಕ್ಟರಿನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ಅದಿಲ್ಲದೆ ಚಿತ್ರವನ್ನು ಸುಧಾರಿಸುವ ಪ್ರಕ್ರಿಯೆಯಲ್ಲೇ ತಡವಾಗುತ್ತದೆ.

ಅದಕ್ಕೆ ಸೇರಿಸಿ (ಬೋಧಕಿ): ಪೋರ್ಟ್‌ಫೋಲಿಯೊಗೆ ಇದರ 60ರಿಂದ 90 ಸೆಕೆಂಡಿನ ವಿಡಿಯೊ ಮಾಡಿ. ಬಾರಿಸುವ ಕೈ ಮತ್ತು ಗೋಡೆಯ ಬೆಳಕು ಒಂದೇ ಚೌಕಟ್ಟಿನಲ್ಲಿ, ಕತ್ತರಿ ಹಾಕದೆ ಕಾಣಬೇಕು. ಕೈ ಒಂದು ದೃಶ್ಯದಲ್ಲಿ, ಬೆಳಕು ಇನ್ನೊಂದರಲ್ಲಿ ಇದ್ದರೆ ನೋಡುವವರಿಗೆ ಸಂಬಂಧ ಕಾಣುವುದಿಲ್ಲ. ಈ ಓದಿನಲ್ಲಿ ನೋಡುವುದೇ ಆ ಸಂಬಂಧವನ್ನು. ಚಂದದ ಹತ್ತು ಚಿತ್ರಕ್ಕಿಂತ ನಡೆಯುವ ಮೂರು ಕೆಲಸ ಮೇಲು. ಐದು ಜನರ ಕೈಗೆ ಕೊಟ್ಟು ನೋಡಿ, ವಿವರಣೆ ಕೊಡಬೇಡಿ, ಬಾಯಿ ಬಿಗಿಹಿಡಿದು ನಿಲ್ಲಿ. ಅವರು ಮೊದಲು ಎಲ್ಲಿ ಮುಟ್ಟಿದರು, ಯಾವಾಗ ಕೈಬಿಟ್ಟರು ಎಂದು ಬರೆದಿಟ್ಟುಕೊಳ್ಳಿ. ಅದರಿಂದ ನೀವು ಬದಲಿಸಿದ್ದನ್ನು ಹಳೆಯ ಆವೃತ್ತಿಯ ಪಕ್ಕದಲ್ಲೇ ತೋರಿಸಿ. ಸಂದರ್ಶನದಲ್ಲಿ ಹೆಚ್ಚಿನ ಮಾತು ನಡೆಯುವುದು ಅದರ ಮೇಲೆ.

ಪ್ರಶ್ನೆ (ಬೆಂಗಳೂರು, ಸಾಫ್ಟ್‌ವೇರ್ ಕೆಲಸ): ವಚನದ ಅಕ್ಷರಗಳು ಒಂದೊಂದಾಗಿ ಉದುರಿ, ಕೈ ಚಾಚಿದರೆ ಮತ್ತೆ ಸೇರುವ ಕೆಲಸ ಮಾಡ್ತಿದೀನಿ. ಆದರೆ ಒತ್ತಕ್ಷರಗಳೆಲ್ಲ ಒಡೆದುಹೋಗ್ತಿವೆ. ಇಂಗ್ಲಿಷಿಗೆ ಬದಲಾಯಿಸೋದೇ ಸರಿನಾ?

ಉತ್ತರ (ಕ್ರಿಯೇಟಿವ್ ಕೋಡಿಂಗ್ ಕಲಿಸುವವರು): ದಯವಿಟ್ಟು ಬದಲಾಯಿಸಬೇಡಿ. ನಿಮ್ಮ ಕೆಲಸದ ಜೀವ ಇರುವುದೇ ಈ ತೊಡಕಿನಲ್ಲಿ.

ಕ್ಷ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಯೂನಿಕೋಡಿನಲ್ಲಿ ಮೂರು ಸಂಕೇತ: ಕ, ಹಲಂತ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ), ಷ. ಸಾಲನ್ನು ಸಂಕೇತಗಳಾಗಿ ಕತ್ತರಿಸಿದರೆ ಒಡೆಯುವುದು ಸಹಜ. ಪಠ್ಯವನ್ನು ಅಕ್ಷರಗಳಾಗಿ ಕತ್ತರಿಸುವ ಜಾವಾಸ್ಕ್ರಿಪ್ಟಿನ ಇಂಟ್ಲ್ ಸೆಗ್ಮೆಂಟರ್ ಬಳಸಿದರೆ ಕಾಗುಣಿತ ಉಳಿಯುತ್ತದೆ, ಕಿ ಕಿಯಾಗಿಯೇ ಇರುತ್ತದೆ. ಆದರೆ ಕ್ಷ ಅಲ್ಲಿಯೂ ಕ್ ಮತ್ತು ಷ ಎಂದು ಎರಡಾಗಬಹುದು. ಅದಕ್ಕೊಂದು ನಿಯಮ ಸೇರಿಸಿ: ತುಂಡು ಹಲಂತದಲ್ಲಿ ಮುಗಿದು, ಮುಂದಿನ ತುಂಡು ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸಿ. "ಬಸ್ ಬಂತು" ಎಂಬಲ್ಲಿ ಹಲಂತದ ನಂತರ ಖಾಲಿ ಜಾಗ ಇರುವುದರಿಂದ ಅಂಟುವುದಿಲ್ಲ. "ರಾಜ್‌ಕುಮಾರ್" ಎಂಬಲ್ಲಿ ಹಲಂತದ ನಂತರ ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ ಕೂತಿರುತ್ತದೆ. ತುಂಡು ಆ ಚಿಹ್ನೆಯಲ್ಲಿ ಮುಗಿಯುವುದರಿಂದ ಜ್ ಮತ್ತು ಕು ಬೇರೆಯಾಗಿಯೇ ಉಳಿಯುತ್ತವೆ, ನಮಗೆ ಬೇಕಾದದ್ದೂ ಅದೇ. ಆದ್ದರಿಂದ ಪಠ್ಯವನ್ನು ಶುಚಿಗೊಳಿಸುವಾಗ ಆ ಚಿಹ್ನೆಯನ್ನು ಅಳಿಸಿಬಿಡಬೇಡಿ.

ಇನ್ನೊಂದು ಕಾರಣ ಫಾಂಟ್ ತುಂಬುವ ಬಗೆ. ಪಿ5ರ 1ನೇ ಸರಣಿಯಲ್ಲಿ ಲೋಡ್‌ಫಾಂಟ್ ಮೂಲಕ ಫಾಂಟ್ ತಂದರೆ ಅದು ಬ್ರೌಸರಿನ ಅಕ್ಷರ ಜೋಡಣೆಯನ್ನು ಬಿಟ್ಟು ಆಕಾರಗಳನ್ನು ತಾನೇ ಬಿಡಿಸುತ್ತದೆ, ಕನ್ನಡದ ಒತ್ತುಗಳ ನಿಯಮ ಅದಕ್ಕೆ ತಿಳಿಯದು. ಸಿಎಸ್ಎಸ್ (ವೆಬ್ ಪುಟದ ಶೈಲಿ ಹೇಳುವ ಭಾಷೆ) ಮೂಲಕ ನೋಟೊ ಸಾನ್ಸ್ ಕನ್ನಡ ಫಾಂಟ್ ತಂದು, ಟೆಕ್ಸ್ಟ್‌ಫಾಂಟ್‌ಗೆ ಹೆಸರಷ್ಟೇ ಕೊಡಿ, ಒತ್ತು ಸರಿಯಾಗಿ ಕೂರುತ್ತದೆ. ಅಕ್ಷರವನ್ನು ಚುಕ್ಕಿಗಳಾಗಿ ಉದುರಿಸಬೇಕೆಂದರೆ, ಅದಕ್ಕೆಂದೇ ಪಿ5ರಲ್ಲಿರುವ ಟೆಕ್ಸ್ಟ್‌ಟುಪಾಯಿಂಟ್ಸ್ ಹಿಡಿಯಬೇಡಿ. ಕಾಣದ ಕ್ಯಾನ್ವಾಸಿನಲ್ಲಿ ಅಕ್ಷರ ಬರೆದು, ಅದರ ಪಿಕ್ಸೆಲ್ ಓದಿ, ಬಣ್ಣವಿದ್ದ ಕಡೆ ನಾಲ್ಕೈದು ಪಿಕ್ಸೆಲ್‌ಗೊಂದು ಚುಕ್ಕಿ ಆರಿಸಿ.

ಮುಂದೆ ಗೇಮ್ ಎಂಜಿನ್‌ಗೆ ಹೋಗುವುದಿದ್ದರೆ ಇದು ನೆನಪಿರಲಿ: ಯೂನಿಟಿಯ ಟೆಕ್ಸ್ಟ್‌ಮೆಶ್‌ಪ್ರೊ ಕನ್ನಡದ ಒತ್ತು ಜೋಡಿಸುವುದಿಲ್ಲ. ಗೊಡೊ 4 ಎಂಜಿನ್ ಅಕ್ಷರ ಜೋಡಿಸುವ ಲೈಬ್ರರಿಯಾದ ಹಾರ್ಫ್‌ಬಜ್ ಬಳಸುವುದರಿಂದ ಸರಿಯಾಗಿ ಜೋಡಿಸುತ್ತದೆ.

ಉದ್ದೇಶ ಪತ್ರದಲ್ಲಿ ಇದನ್ನೇ ಬರೆಯಿರಿ. "ತಂತ್ರಜ್ಞಾನ ಮತ್ತು ಕಲೆಯ ಸಂಗಮದಲ್ಲಿ ನನಗೆ ಆಸಕ್ತಿ" ಎನ್ನುವ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತದೆ. ಅಕ್ಷರ ಎಂದರೆ ಏನು ಎಂಬುದಕ್ಕೆ ಕನ್ನಡ ಕೊಡುವ ಉತ್ತರವೇ ಬೇರೆ, ಉಪಕರಣಗಳು ಊಹಿಸಿಕೊಂಡದ್ದೇ ಬೇರೆ. ಆ ಅಂತರವನ್ನು ನೀವು ಕೈಯಾರೆ ಮುಟ್ಟಿದ್ದೀರಿ.

ಪ್ರಶ್ನೆ (ಮೈಸೂರು): ವಿದೇಶದಲ್ಲಿ ಎಲ್ಲಿ ಚೆನ್ನಾಗಿದೆ? ಖರ್ಚು?

ಉತ್ತರ (ಬೋಧಕಿ): ನ್ಯೂಯಾರ್ಕ್ ವಿಶ್ವವಿದ್ಯಾಲಯದ ಐಟಿಪಿ (ಇಂಟರಾಕ್ಟಿವ್ ಟೆಲಿಕಮ್ಯುನಿಕೇಷನ್ಸ್ ಪ್ರೋಗ್ರಾಂ) 1979ರಲ್ಲಿ ಶುರುವಾದದ್ದು. ರೆಡ್ ಬರ್ನ್ಸ್ ಕಟ್ಟಿ ಬೆಳೆಸಿದರು. ಎರಡು ವರ್ಷದ ಓದು, ಆರ್ಡುಯಿನೊ ಹುಟ್ಟುಹಾಕಿದವರಲ್ಲಿ ಒಬ್ಬರಾದ ಟಾಮ್ ಇಗೊ ಪಾಠ ಮಾಡಿದ ಜಾಗ. ಖಾಸಗಿ ವಿಶ್ವವಿದ್ಯಾಲಯ, ಶುಲ್ಕ ಭಾರಿ. ವಿದ್ಯಾರ್ಥಿವೇತನ ಕೈಗೆ ಬರದೆ ಮನೆ ಅಡವಿಟ್ಟು ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಸಂಶೋಧನಾ ಸಹಾಯಕರಾಗಿ ಸೇರುವವರಿಗೆ ಶುಲ್ಕವೂ ಮಾಸಿಕ ವೇತನವೂ ಸಿಗುತ್ತದೆ, ಸೀಟುಗಳು ಬಹಳ ಕಡಿಮೆ. ಅಲ್ಲಿ ಅರ್ಜಿ ಹಾಕುವುದು ನಿರ್ದಿಷ್ಟ ಸಂಶೋಧನಾ ಗುಂಪಿಗೆ. ಆ ಗುಂಪಿನ ಕೆಲಸ ಓದದೆ ಹಾಕಿದರೆ ವ್ಯರ್ಥ.

ಅಮೆರಿಕಕ್ಕೆ ಹೋಗುವವರು ಕೋರ್ಸಿನ ಸಿಐಪಿ ಸಂಖ್ಯೆ (ಯಾವ ವಿಷಯದ ಓದು ಎಂದು ಗುರುತಿಸುವ ಸಂಖ್ಯೆ) ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆಯೇ ಎಂದು ಅರ್ಜಿಗೆ ಮೊದಲೇ ಕೇಳಿ. ಓದಿನ ನಂತರ ಕೆಲಸಕ್ಕೆ ಸಿಗುವ ಅವಧಿ 12 ತಿಂಗಳು, ಸ್ಟೆಮ್ ಆದರೆ ಇನ್ನೂ 24. ಹೆಸರು ಒಂದೇ ರೀತಿ ಇರುವ ಎರಡು ಕೋರ್ಸುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1500 ಯೂರೊ. 2024ರ ಸೆಪ್ಟೆಂಬರಿನಿಂದ ವೀಸಾಕ್ಕೆ ತಡೆಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ) ವರ್ಷಕ್ಕೆ 11,904 ಯೂರೊ ತೋರಿಸಬೇಕಾಗಿದೆ, ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರವೂ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಪ್ರವೇಶ ಸಿಗುವವರೆಗೆ ಕಾಯದೆ ಮೊದಲೇ ಹಾಕಿ. ಆಸ್ಟ್ರಿಯಾದ ಲಿಂಟ್ಸ್ ಕಲಾ ವಿಶ್ವವಿದ್ಯಾಲಯದ ಇಂಟರ್‌ಫೇಸ್ ಕಲ್ಚರ್ಸ್ ಕೂಡ ನೋಡಿ. ಆರ್ಸ್ ಎಲೆಕ್ಟ್ರಾನಿಕಾ ಉತ್ಸವ 1979ರಿಂದ ನಡೆಯುತ್ತಿರುವ ಊರದು.

ಮೂರು ವರ್ಷದ ಪದವಿಯವರಿಗೆ ಒಂದು ಎಚ್ಚರಿಕೆ. ಕೆಲವು ವಿಶ್ವವಿದ್ಯಾಲಯಗಳು ಅದನ್ನು ಪೂರ್ಣ ಪದವಿ ಎಂದು ಒಪ್ಪುವುದಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲು ಇಮೇಲ್ ಮಾಡಿ ಲಿಖಿತ ಉತ್ತರ ಪಡೆಯಿರಿ.

ಪ್ರಶ್ನೆ (ಉಡುಪಿಯವರೇ ಮತ್ತೆ): ಎಐ ಹತ್ತಿರ ಕೋಡ್ ಬರೆಸಿದರೆ ತಪ್ಪಾ?

ಉತ್ತರ (ಇನ್‌ಸ್ಟಲೇಷನ್ ತಂತ್ರಜ್ಞ): ಅರ್ಜಿಯ ನಿಯಮದಲ್ಲಿ ಎಐ ಬಗ್ಗೆ ಏನಿದೆ ಎಂದು ಮೊದಲು ಓದಿ, ಬಳಸಿದ್ದನ್ನು ಹೇಳಿಬಿಡಿ. ಆಮೇಲೆ ಈ ಪರೀಕ್ಷೆ ಮಾಡಿಕೊಳ್ಳಿ: ತಮಟೆಯ ಕೋಡಿನಲ್ಲಿ ಪೆಟ್ಟಾದ ಮೇಲೆ ಏನನ್ನೂ ಕೇಳಿಸಿಕೊಳ್ಳದ ಆ 40 ಮಿಲಿಸೆಕೆಂಡನ್ನು 400 ಮಾಡಿದರೆ ಏನಾಗುತ್ತದೆ? ಓಡಿಸಿ ನೋಡದೆಯೇ, ಸೆಕೆಂಡಿಗೆ ಹತ್ತರ ಬಡಿತದಲ್ಲಿ ಐದರಲ್ಲಿ ನಾಲ್ಕು ಪೆಟ್ಟು ತಪ್ಪುತ್ತವೆ ಎಂದು ಹೇಳಲು ಬಂದರೆ ಆ ಸಾಲು ನಿಮ್ಮದು. ಬರದಿದ್ದರೆ ಅಳಿಸಿ, ನೀವೇ ಬರೆಯಿರಿ.