ಸಿಟ್ರೊಯೆನ್ ಲೈಟ್ ಫಿಫ್ಟೀನ್: ಎಂಜಿನ್ ಆಯಿಲ್‌ಗೆ ನೀರು ಸೇರುತ್ತಿದೆ, ಎಲ್ಲಿಂದ?

ಕಾಪು ಕಡಲಬದಿ

ನಮಸ್ಕಾರ ಎಲ್ಲರಿಗೂ. ಗಾಡಿ 1951ರ ಸಿಟ್ರೊಯೆನ್ ಲೈಟ್ ಫಿಫ್ಟೀನ್. ಫ್ರಾನ್ಸಿನ ಟ್ರ್ಯಾಕ್ಷನ್ ಅವಾಂ ಕಾರನ್ನೇ ಬಲಗಡೆ ಸ್ಟೇರಿಂಗ್ ಇಟ್ಟು ಇಂಗ್ಲೆಂಡಿನ ಸ್ಲೌ ಕಾರ್ಖಾನೆಯಲ್ಲಿ ಕಟ್ಟಿದ್ದು. 1911 ಸಿಸಿ, ನಾಲ್ಕು ಸಿಲಿಂಡರ್, 12 ವೋಲ್ಟ್. ತುಂಬಾ ವರ್ಷ ನಿಂತಿದ್ದ ಗಾಡಿ. ಮನೆಯ ಶೆಡ್‌ನಲ್ಲೇ ಇಟ್ಟುಕೊಂಡು ಒಂದೊಂದೇ ಕೆಲಸ ಮಾಡುತ್ತಿದ್ದೇನೆ.

ಎಂಜಿನ್ ಸ್ಟಾರ್ಟ್ ಆಗುತ್ತದೆ, ಸದ್ದೂ ಚೆನ್ನಾಗಿದೆ. ಆದರೆ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಾದ ಬಣ್ಣಕ್ಕೆ ಬಂದಿದೆ. ರೇಡಿಯೇಟರ್ ನೀರು ಗಾಡಿ ಓಡಿಸದಿದ್ದರೂ ಇಳಿಯುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ನೆಲದ ಮೇಲೆ ಒಂದು ಹನಿ ನೀರೂ ಇಲ್ಲ.

ಮಂಗಳೂರಿನ ಒಂದು ಎಂಜಿನ್ ವರ್ಕ್ಸ್‌ನಲ್ಲಿ ಕೇಳಿದೆ. "ಎಂಜಿನ್ ಇಳಿಸಿ ತನ್ನಿ, ಬೋರ್ ಮಾಡಿ ಬ್ಲಾಕ್ ಸರ್ಫೇಸ್ ಮಾಡಿ ಕೊಡುತ್ತೇವೆ" ಅಂದರು, ಅಂದರೆ ಸಿಲಿಂಡರ್ ಕೊರೆದು ಅಗಲ ಮಾಡಿ ಬ್ಲಾಕಿನ ಮೇಲ್ಮೈ ಉಜ್ಜಿ ಸಮ ಮಾಡುವುದು. ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಒಂದು ತರಿಸಿ ಹಾಕಿದರೆ ಸಾಕಾ? ಎಲ್ಲಿಂದ ಶುರು ಮಾಡಲಿ?

ಮಣಿಪಾಲ ಹಳೆಗಾಡಿ

ಒಳ್ಳೆಯ ಗಾಡಿ ಸಿಕ್ಕಿದೆ ಮಾರಾಯ್ರೆ. ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಗಾಡಿಯಲ್ಲಿ ಆ ತೇವ ಒಳಗೇ ತಣಿದು ಆಯಿಲ್ ಮುಚ್ಚಳದ ಅಡಿಯಲ್ಲಿ ಬೆಣ್ಣೆಯ ಹಾಗೆ ಕೂರುತ್ತದೆ. ಅಷ್ಟೇ ಆದರೆ ಹೆದರಬೇಕಾಗಿಲ್ಲ, ಒಮ್ಮೆ ಸರಿಯಾಗಿ ಬಿಸಿಯಾಗುವಷ್ಟು ಓಡಿಸಿದರೆ ಹೋಗುತ್ತದೆ.

ಗಾಡಿಯನ್ನು ರಾತ್ರಿಯಿಡೀ ಅಲುಗಿಸದೆ ಬಿಡಿ. ಬೆಳಿಗ್ಗೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್‌ನ ಡ್ರೈನ್ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿ, ಕೆಳಗೆ ಗಾಜಿನ ಬಾಟಲಿ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ಅದೇ ಮೊದಲು ಬರುತ್ತದೆ. ಶುದ್ಧ ನೀರು ಧಾರೆಯಾಗಿ ಬಂದರೆ ಅದು ಮಳೆಗಾಲದ ತೇವ ಅಲ್ಲ.

ಕಾಪು ಕಡಲಬದಿ

ಮಾಡಿ ನೋಡಿದೆ. ನೀರೇ ಬಂತು, ಅರ್ಧ ಬಾಟಲಿಗಿಂತ ಜಾಸ್ತಿ. ತುಕ್ಕಿನ ಬಣ್ಣ ಉಂಟು.

ದಕ್ಕೆ ಡೀಸೆಲ್

ಹಾಗಾದರೆ ಇನ್ನು ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ನಿಮ್ಮ ಗಾಡಿಯ ಕಾಲದ ಎಂಜಿನ್‌ನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗ್ ಈಗಿನ ಹಾಗೆ ಬದಲಿಸಬಹುದಾದ ಬಿಡಿ ಶೆಲ್ ಅಲ್ಲ, ರಾಡಿಗೇ ಎರೆದ ವೈಟ್ ಮೆಟಲ್ ಎಂಬ ಮೆದು ಲೋಹ. ಶೆಲ್ ಬಂದದ್ದು 1955ರ 11ಡಿ ಎಂಜಿನ್‌ನಲ್ಲಿ. ನೀರು ಬೆರೆತ ಆಯಿಲ್‌ನಲ್ಲಿ ಓಡಿಸಿದರೆ ಆ ವೈಟ್ ಮೆಟಲ್ ಹೋಗುತ್ತದೆ. ಮತ್ತೆ ಎರೆಸುವ ಖರ್ಚಿನ ಮುಂದೆ ಗ್ಯಾಸ್ಕೆಟ್ ಖರ್ಚು ಏನೂ ಅಲ್ಲ. ಇದ್ದ ಆಯಿಲ್ ಪೂರ್ತಿ ಇಳಿಸಿಬಿಡಿ.

ಬೋರ್ ಮಾಡಿಸುವ ಆಲೋಚನೆಯನ್ನೂ ಬಿಡಿ. ಅಂಬಾಸಿಡರ್, ಪದ್ಮಿನಿ ಬಿಚ್ಚಿದ ಕೈಗೆ ಈ ಎಂಜಿನ್ ಬೇರೆಯೇ ಲೆಕ್ಕ. ಇಲ್ಲಿ ಸಿಲಿಂಡರ್ ಬ್ಲಾಕಿನಲ್ಲೇ ಕೊರೆದದ್ದಲ್ಲ. ಪಿಸ್ಟನ್ ಓಡುವ ನಾಲ್ಕು ಬಿಡಿ ಕೊಳವೆ, ಅಂದರೆ ಲೈನರ್, ಬ್ಲಾಕಿನೊಳಗೆ ಕೂತಿವೆ, ನೀರು ನೇರ ಅವುಗಳ ಮೈಗೆ ತಾಗಿಕೊಂಡೇ ಹರಿಯುತ್ತದೆ. ಮೇಲಿಂದ ಹೆಡ್ ಒತ್ತಿ ಹಿಡಿದಿರುತ್ತದೆ. ಕೆಳಗೆ ನೀರಿಗೂ ಸಂಪ್‌ಗೂ ಮಧ್ಯೆ ಇರುವುದು ಒಂದು ತೆಳ್ಳಗಿನ ಪೇಪರ್ ಗ್ಯಾಸ್ಕೆಟ್, ಲೈನರಿಗೆ ಒಂದರಂತೆ. ಸವೆದರೆ ಲೈನರ್ ಮತ್ತು ಪಿಸ್ಟನ್ ಸೆಟ್ ಬದಲಾಯಿಸುವುದು, ಬೋರ್ ಮಾಡುವುದಲ್ಲ. ಇನ್ನು ಸರ್ಫೇಸ್ ವಿಷಯ. ಲೈನರಿನ ಮೇಲ್ತುದಿ ಬ್ಲಾಕಿಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು, ಹೆಡ್ ಗ್ಯಾಸ್ಕೆಟ್ ಹಿಡಿಯುವುದೇ ಆ ಎತ್ತರದಿಂದ. ಲೈನರ್ ಸಮೇತ ಸರ್ಫೇಸ್ ಮಾಡಿದರೆ ಅದೇ ಹೋಯಿತು.

ನಿಲ್ಲಿಸಿದ ಗಾಡಿಯಲ್ಲೂ ನೀರು ಇಳಿಯುತ್ತದೆ, ಬಿಳಿ ಹೊಗೆ ಇಲ್ಲ ಅಂದಿರಿ. ನನ್ನ ಅನುಮಾನ ಕೆಳಗಿನ ಪೇಪರ್ ಮೇಲೆ. ಆದರೆ ಅನುಮಾನದ ಮೇಲೆ ಹೆಡ್ ಬಿಚ್ಚಬೇಡಿ. ಹೆಡ್ ತೆಗೆದ ಮೇಲೆ ನೀರು ಎಲ್ಲಿಂದ ಬರುತ್ತಿತ್ತು ಎಂದು ನೋಡಲಿಕ್ಕೆ ಆಗುವುದಿಲ್ಲ. ಹೆಡ್ ಇದ್ದ ಹಾಗೇ ಇರಲಿ, ಅಡಿಯ ಸಂಪ್ ಇಳಿಸಿ. ನೆಲದಲ್ಲಿ ಒಣಗಿದ ರಟ್ಟು ಹಾಸಿ. ರೇಡಿಯೇಟರ್ ತುಂಬಾ ನೀರು ಹಾಕಿ, ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಲೈನರಿನ ಹೊರಮೈಯಲ್ಲಿ, ಬ್ಲಾಕಿನ ಜೊತೆ ಸೇರುವಲ್ಲಿ ಹನಿ ಕಟ್ಟಿದರೆ ಕೆಳಗಿನ ಪೇಪರ್. ಲೈನರಿನ ಒಳಗಿಂದ, ಪಿಸ್ಟನ್ ಬದಿಯಿಂದ ಇಳಿದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಲೈನರಿನಲ್ಲೇ ಬಿರುಕು. ಬೇಗ ಕಾಣದಿದ್ದರೆ ರಾತ್ರಿಯಿಡೀ ಬಿಡಿ, ರಟ್ಟಿನ ಮೇಲಿನ ಕಲೆ ಯಾವ ಸಿಲಿಂಡರಿನ ಕೆಳಗೆ ಅಂತ ಹೇಳುತ್ತದೆ. ಪ್ರೆಶರ್ ಟೆಸ್ಟ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಈಗಿನ ಕಾರಿನ ಒತ್ತಡಕ್ಕೆ ಮಾಡಿದ ರೇಡಿಯೇಟರ್ ಅಲ್ಲ ಅದು.

ಬಜಪೆ ವೆಲ್ಡಿಂಗ್

ಕೆಳಗೆ ಮಲಗುವ ಮಾತು ಬಂತು, ಅದಕ್ಕೆ ಒಂದು ಎಚ್ಚರಿಕೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, 1934ರಿಂದಲೇ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಸಿಲ್ ಇಡೀ ಗಾಡಿಯ ಬೆನ್ನೆಲುಬು. ಕಡಲ ಬದಿಯ ಗಾಡಿಯಲ್ಲಿ ಅದು ಒಳಗಿಂದ ತಿಂದುಹೋಗಿ, ಹೊರಗೆ ಪೇಂಟ್ ಮಾತ್ರ ಚೆಂದ ಇರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಬಡಿದು ಬನ್ನಿ. ಮಂಕು ಸದ್ದು ಬಂದ ಕಡೆ ಜಾಕ್ ಬೇಡ. ಜಾಕ್ ಏರಿಸುವಾಗ ಬಾಗಿಲು ಹಾಕಿರಲಿ. ಏರಿಸಿದ ಮೇಲೆ ಬಾಗಿಲಿನ ಸಂದು ಮೇಲೆ ಕೆಳಗೆ ಹೆಚ್ಚು ಕಡಿಮೆ ಆದರೆ ಕೂಡಲೇ ಇಳಿಸಿ, ಬಾಡಿ ಬಾಗುತ್ತಿದೆ ಎಂದು ಅರ್ಥ. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ.

ಕಾಪು ಕಡಲಬದಿ

ಸಿಲ್ ಗಟ್ಟಿ ಇದೆ, ಹಿಂದಿನ ಚಕ್ರದ ಹತ್ತಿರ ಮಾತ್ರ ಸ್ವಲ್ಪ ಮಂಕು. ಸ್ಟ್ಯಾಂಡ್ ಕೊಟ್ಟು ಸಂಪ್ ಇಳಿಸಿದೆ. ಮೂರನೇ ಲೈನರಿನ ಹೊರಗಿನ ಅಂಚಿನಲ್ಲಿ ಹನಿ ಕಟ್ಟಿ, ಬ್ಲಾಕಿನ ಗೋಡೆ ಹಿಡಿದು ಇಳಿಯುತ್ತಿದೆ. ನಾಲ್ಕನೆಯದರಲ್ಲಿ ತೇವ ಮಾತ್ರ. ಒಳಗಡೆಯಿಂದ ಏನೂ ಇಲ್ಲ. ಹೆಡ್ ಗ್ಯಾಸ್ಕೆಟ್ ತರಿಸಿ ಸುಮ್ಮನೆ ಹಾಕಿದ್ದರೆ ದುಡ್ಡು ಹೋಗುತ್ತಿತ್ತು. ಈಗ ಮುಂದಿನ ದಾರಿ ಹೇಳಿ ಅಣ್ಣ.

ದಕ್ಕೆ ಡೀಸೆಲ್

ಬಹಳ ಒಳ್ಳೆದಾಯಿತು. ಈಗ ನಾಲ್ಕೂ ಲೈನರ್ ತೆಗೆಯಿರಿ. ಮೂರನೆಯದನ್ನು ಮಾತ್ರ ಮಾಡಿದರೆ ಉಳಿದ ಮೂರು ಅದೇ ವಯಸ್ಸಿನ ಪೇಪರಿನ ಮೇಲೆ ಕೂತಿರುತ್ತವೆ, ಹೆಡ್ ಬಿಗಿ ಮಾಡುವಾಗ ಎತ್ತರವೂ ಒಂದೇ ಬರುವುದಿಲ್ಲ.

ಹೆಡ್ ಬೋಲ್ಟ್ ತುದಿಗಳಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ. ಹಳೆ ಹೆಡ್ ಗ್ಯಾಸ್ಕೆಟ್‌ನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿ ಮಾಸ್ಕ್ ಹಾಕಿಕೊಂಡು ಕೆರೆಯಿರಿ. ಹೆಡ್ ಬಂದ ಮೇಲೆ ಎಂಜಿನ್ ತಿರುಗಿಸಬೇಕಾದರೆ ಲೈನರನ್ನು ಮೊದಲು ಹಿಡಿದಿಡಿ. ದೊಡ್ಡ ವಾಷರ್, ಪೈಪಿನ ತುಂಡು, ಬೋಲ್ಟ್ ಸಾಕು. ಹಾಗೇ ಮುಂದಿನ ಹ್ಯಾಂಡಲ್ ತಿರುಗಿಸಿದರೆ ಪಿಸ್ಟನ್ ಜೊತೆ ಲೈನರೂ ಮೇಲೆ ಬರುತ್ತದೆ.

ಪ್ರತಿ ಲೈನರ್, ಪಿಸ್ಟನ್, ರಾಡ್ ಕ್ಯಾಪಿಗೆ ನಂಬರ್ ಹಾಕಿ. ಲೈನರ್ ಯಾವ ಮುಖ ಮುಂದಿತ್ತು ಅಂತಲೂ ಗುರುತು ಮಾಡಿ. ವೈಟ್ ಮೆಟಲ್ ರಾಡಿನ ಕ್ಯಾಪ್ ಅದಲು ಬದಲಾದರೆ ಬೇರಿಂಗ್ ಕೆಟ್ಟಿತೆಂದೇ ಲೆಕ್ಕ. ಲೈನರನ್ನು ಕೆಳಗಿಂದ ಮರದ ತುಂಡು ಇಟ್ಟು ತಟ್ಟಿ, ಕಬ್ಬಿಣ ತಾಗಿಸಬೇಡಿ.

ಲೈನರ್ ಬಂದ ಮೇಲೆ ಬ್ಲಾಕಿನ ತಳದಲ್ಲಿ ಕೆಂಪು ಕೆಸರು ಕಾಣುತ್ತದೆ. ಅದೇ ತುಕ್ಕು, ಗಟ್ಟಿಯಾಗಿ ಕೂತದ್ದು. ಇಂಥ ಎಂಜಿನ್ ಅತಿಯಾಗಿ ಬಿಸಿಯಾಗಲಿಕ್ಕೂ ಕಾರಣ ಅದೇ. ಮೊದಲು ಕ್ರ್ಯಾಂಕ್ ಮೇಲೆ ದಪ್ಪ ಬಟ್ಟೆ ತುರುಕಿ. ಆಮೇಲೆ ಹಳೆ ಚಮಚ, ತಂತಿ ತೆಗೆದುಕೊಂಡು ಮೂಲೆ ಮೂಲೆ ಕೆರೆಯಿರಿ. ಈ ಕೆಲಸದಲ್ಲಿ ಅವಸರ ಬೇಡ.

ಕಾಪು ಕಡಲಬದಿ

ಕೆಸರು ರಾಶಿ ರಾಶಿ ಬಂತು. ಮೂರನೇ ಲೈನರ್ ಕೂರುವ ಬ್ಲಾಕಿನ ಮೆಟ್ಟಿಲಿನಲ್ಲಿ ತುಕ್ಕು ತಿಂದ ಗುಳಿ ಉಂಟು. ಒಂದು ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಸಿಲಿಕಾನ್ ಬಳಿದು ಕೂರಿಸಬಹುದಾ?

ಮಣಿಪಾಲ ಹಳೆಗಾಡಿ

ಸಿಲಿಕಾನ್ ತೆಳುವಾಗಿ ಹಚ್ಚಿದರೆ ತೊಂದರೆ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಗುಳಿ ತುಂಬಲು ಅದನ್ನು ನಂಬಬಾರದು.

ದಕ್ಕೆ ಡೀಸೆಲ್

ನಾನು ತೆಳುವಾಗಿಯೂ ಹಚ್ಚುವುದಿಲ್ಲ. ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಲೈನರ್ ವಾಲುತ್ತದೆ. ಹೊರಗೆ ಹಿಂಡಿದ ತುಂಡು ಸಂಪ್‌ಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಉಗುರು ಸಿಕ್ಕುವ ಗುಳಿ ಅಂದರೆ ಮೆಟ್ಟಿಲನ್ನು ಮಷಿನ್‌ನಲ್ಲಿ ಹದ ಮಾಡಿಸಬೇಕು. ನಿಮ್ಮ ಹತ್ತಿರವೇ ಮಲ್ಪೆಯಲ್ಲಿ ಬೋಟಿನ ಡೀಸೆಲ್ ಎಂಜಿನ್ ನೋಡುವ ಮೇಸ್ತ್ರಿಗಳಿದ್ದಾರೆ. ಅವರಿಗೆ ಹೀಗೆ ನೀರು ತಾಗುವ ವೆಟ್ ಲೈನರ್ ದಿನದ ಕೆಲಸ. "ಲೈನರ್ ಸೀಟ್ ಕಟ್" ಅಂದರೆ ಸಾಕು, ಹೆಚ್ಚು ವಿವರಿಸಬೇಕಾಗಿಲ್ಲ. ಗುಳಿ ಹೋಗುವಷ್ಟೇ ತೆಗೆಯಲಿ, ಒಂದು ಎಳೆಯೂ ಜಾಸ್ತಿ ಬೇಡ. ಅಲ್ಲಿ ಹೋದ ದಪ್ಪವನ್ನು ಗ್ಯಾಸ್ಕೆಟ್‌ನಲ್ಲಿ ತುಂಬಿಸಬೇಕು. ಟ್ರ್ಯಾಕ್ಷನ್‌ನ ಬಿಡಿಭಾಗ ಮಾರುವವರು ಫ್ರಾನ್ಸ್, ನೆದರ್ಲೆಂಡ್ಸ್‌ನಲ್ಲಿ ಈಗಲೂ ಇದ್ದಾರೆ. ಪೇಪರ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ, ಒಂದೇ ದಪ್ಪದ್ದು ತರಿಸಬೇಡಿ.

ಹೊಸ ಪೇಪರ್ ಇಟ್ಟು ಲೈನರ್ ಕೂರಿಸಿ, ಕೈಯಿಂದ ಒತ್ತಿ, ಸ್ಟೀಲ್ ಪಟ್ಟಿ ಮತ್ತು ಸಂದು ಅಳೆಯುವ ಫೀಲರ್ ಗೇಜ್‌ನಿಂದ ಎತ್ತರ ಅಳೆಯಿರಿ. ಡಯಲ್ ಗೇಜ್ ಸಿಕ್ಕಿದರೆ ಇನ್ನೂ ಒಳ್ಳೆದು. ಒಂದೊಂದು ಲೈನರನ್ನೂ ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ನಾಲ್ಕೂ ಬ್ಲಾಕಿಗಿಂತ ಮೇಲಿರಬೇಕು, ಅಕ್ಕಪಕ್ಕದವು ಒಂದೇ ಮಟ್ಟದಲ್ಲಿರಬೇಕು. ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆ ಬರುವ ತನಕ ಪೇಪರ್ ಬದಲಿಸಿ. ಇಡೀ ಕೆಲಸದ ಜೀವ ಇಲ್ಲಿದೆ.

ಕಾಪು ಕಡಲಬದಿ

ಮಲ್ಪೆಯಲ್ಲಿ ಮಾತಾಡಿ ಬಂದೆ, ಮಾಡಿಕೊಡುತ್ತೇವೆ ಅಂದರು. ಪೇಪರ್ ಆರ್ಡರ್ ಮಾಡುತ್ತೇನೆ. ನೀರಿನ ವಿಷಯ ಕೇಳುವುದಿತ್ತು. ಈ ತನಕ ನಮ್ಮ ಬಾವಿ ನೀರೇ ಹಾಕುತ್ತಿದ್ದದ್ದು.

ದಕ್ಕೆ ಡೀಸೆಲ್

ಬಾವಿ ನೀರು ಇನ್ನು ಬೇಡ. ಕಡಲ ಬದಿಯ ಬಾವಿಯಲ್ಲಿ ಏಪ್ರಿಲ್, ಮೇ ಬಂದರೆ ಉಪ್ಪು ಬಾಯಿಗೇ ತಿಳಿಯುತ್ತದೆ, ಎಂಜಿನ್‌ಗೆ ಅದಕ್ಕಿಂತ ಮೊದಲೇ ತಿಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ತುಕ್ಕು ತಡೆಯುವ ಕೂಲಂಟ್ ಬೆರೆಸಿ. ಇಲ್ಲಿ ಹಿಮ ಬೀಳುವುದಿಲ್ಲ, ಆದರೂ ಕೂಲಂಟ್ ಬೇಕು, ತುಕ್ಕಿಗಾಗಿ.

ಜೋಡಿಸಿದ ಮೇಲೆ, ಸಂಪ್ ಹಾಕುವ ಮೊದಲು, ಇನ್ನೊಮ್ಮೆ ರೇಡಿಯೇಟರ್ ತುಂಬಿಸಿ ರಟ್ಟು ಹಾಸಿ ರಾತ್ರಿ ಬಿಡಿ. ಒಣಗಿದ್ದರೆ ಮಾತ್ರ ಸಂಪ್ ಮುಚ್ಚಿ. ಮೊದಲಿಗೆ ಕಡಿಮೆ ಬೆಲೆಯ ಆಯಿಲ್ ಹಾಕಿ, ಬಿಸಿಯಾಗುವ ತನಕ ಓಡಿಸಿ, ಪೂರ್ತಿ ತಣಿದ ಮೇಲೆ ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಮತ್ತೆ ಬಿಗಿ ನೋಡಿ. ಆ ಆಯಿಲ್ ಚೆಲ್ಲಿ, ಒಳ್ಳೆಯ ಆಯಿಲ್ ತುಂಬಿ. ಮೊದಲ ಕೆಲವು ವಾರ ಡ್ರೈನ್ ಬೋಲ್ಟ್ ಸಡಿಲಿಸಿ ಮೊದಲ ಹನಿ ನೋಡುತ್ತಾ ಇರಿ. ಅಳತೆ ತೆಗೆದ ಮೇಲೆ ನಾಲ್ಕೂ ಲೈನರಿನ ಎತ್ತರ ಇಲ್ಲಿ ಬರೆಯಿರಿ, ಹೆಡ್ ಕೂರಿಸುವ ಮೊದಲು ಒಮ್ಮೆ ನೋಡುತ್ತೇನೆ.