ಬಳ್ಳಾರಿಯ ಹತ್ತಿ ವ್ಯಾಪಾರಿಯೊಬ್ಬರ ಮರದ ಬಾಡಿಯ ಫೋರ್ಡ್ ವಿ-8: ಅದು ಏನಾಯಿತೆಂದು ಪತ್ತೆ ಮಾಡುವುದು ಹೇಗೆ?

ಕೌಲ್‌ಬಜಾರ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮುತ್ತಾತನವರು ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೂ ಮೊದಲು ಅವರು ಫೋರ್ಡ್ ವಿ-8 ಕಾರೊಂದನ್ನು ಕೊಂಡು, ಅದರ ಹಿಂಭಾಗವನ್ನು ತಮ್ಮ ವ್ಯಾಪಾರಕ್ಕೆ ಹೊಂದುವಂತೆ ಮದ್ರಾಸಿನಲ್ಲಿ ಮರದಿಂದ ಕಟ್ಟಿಸಿದ್ದರೆಂದು ಮನೆಯ ಹಿರಿಯರು ಹೇಳುತ್ತಾರೆ. ನಮ್ಮಲ್ಲಿ ಉಳಿದಿರುವುದು ಒಂದೇ ಫೋಟೊ. ಅದರಲ್ಲಿ ಡ್ರೈವರ್ ಸೀಟಿನ ಹಿಂದೆ ಎದುರುಬದುರು ಎರಡು ಬೆಂಚುಗಳು, ಅವುಗಳ ನಡುವೆ ಹತ್ತಿಯ ಸ್ಯಾಂಪಲ್ ಇಡಲು ಬೀಗವಿರುವ ಪೆಟ್ಟಿಗೆ, ಬದಿಯಲ್ಲಿ ತಕ್ಕಡಿ ತೂಗುಹಾಕುವ ಹಿತ್ತಾಳೆಯ ಕೊಕ್ಕೆ, ಮೇಲೆ ಸುತ್ತಿಡಬಹುದಾದ ಕ್ಯಾನ್ವಾಸ್ ಹೊದಿಕೆ ಇವೆ. ಬಾನೆಟ್ಟಿನ ಒಂದೊಂದು ಪಕ್ಕಕ್ಕೆ ಎರಡೆರಡು ಹಿಡಿಗಳು ಕಾಣುತ್ತವೆ. ಚಕ್ರಗಳು ತಂತಿ ಕಡ್ಡಿಗಳವು. ನಂಬರ್ ಪ್ಲೇಟಿನ ಮುಂದೆ ಯಾರೋ ನಿಂತಿರುವುದರಿಂದ ಕೊನೆಯ ಎರಡು ಅಂಕಿಗಳಷ್ಟೇ ಓದಲು ಸಿಗುತ್ತವೆ.

ತುಂಗಭದ್ರಾ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ಕಾರನ್ನು ಹೊಸಪೇಟೆಯ ಗುತ್ತಿಗೆದಾರರೊಬ್ಬರಿಗೆ ಮಾರಲಾಯಿತೆಂದೂ, ಅವರಿಂದ ಅದು ಕೊಪ್ಪಳದ ಕಡೆಯ ನಾಟಕ ಕಂಪನಿಯೊಂದರ ಪರದೆ, ಪೆಟ್ಟಿಗೆ ಸಾಗಿಸಲು ಹೋಯಿತೆಂದೂ ನಮ್ಮ ಸಣ್ಣಜ್ಜಿ ನೆನಪಿಸಿಕೊಳ್ಳುತ್ತಾರೆ. ಅವರಿಗೆ ಈಗ ತೊಂಬತ್ತು ದಾಟಿದೆ. ಕಾರು ಉಳಿದಿದ್ದರೆ ಎಲ್ಲಿದೆ, ಉಳಿಯದಿದ್ದರೆ ಅದಕ್ಕೇನಾಯಿತು ಎಂಬುದನ್ನು ಅವರಿಗೆ ತಿಳಿಸಬೇಕೆಂಬುದು ನನ್ನ ಆಸೆ. ಹುಡುಕಾಟವನ್ನು ಎಲ್ಲಿಂದ ಆರಂಭಿಸಲಿ?

ಹಳೆ ಗಾಡಿ ಅಭ್ಯಾಸಿ:

ತಾವು ಕೊಟ್ಟ ವಿವರಗಳಿಂದಲೇ ವರ್ಷವನ್ನು ಗುರುತಿಸಬಹುದು. ಫೋರ್ಡ್ ವಿ-8 ಮೊದಲು ಬಂದದ್ದು 1932ರಲ್ಲಿ. 1933 ಮತ್ತು 1934ರ ಮಾದರಿಗಳು ನೋಡಲು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ; ಆದರೆ 1933ರ ಬಾನೆಟ್ಟಿಗೆ ಪಕ್ಕಕ್ಕೊಂದೇ ಹಿಡಿ, 1934ರದಕ್ಕೆ ಎರಡು. 1936ರಿಂದ ತಂತಿ ಕಡ್ಡಿಯ ಚಕ್ರಗಳ ಬದಲಿಗೆ ಉಕ್ಕಿನ ತಟ್ಟೆಯ ಚಕ್ರಗಳು ಬಂದವು. ಆದ್ದರಿಂದ ತಮ್ಮದು 1934ರದೇ ಇರಬೇಕು. ಆಗ ಭಾರತಕ್ಕೆ ಫೋರ್ಡ್ ಕಾರುಗಳು ಕೆನಡಾದ ಫೋರ್ಡ್ ಕಂಪನಿಯ ಮೂಲಕ ಬರುತ್ತಿದ್ದವು, ಮತ್ತು ಅವುಗಳನ್ನು ಜೋಡಿಸುವ ಘಟಕಗಳಲ್ಲಿ ಒಂದು ಮದ್ರಾಸಿನಲ್ಲಿಯೇ ಇತ್ತು. 1840ರಲ್ಲಿ ಸಾರೋಟುಗಳ ತಯಾರಿಕೆಯಿಂದ ಆರಂಭವಾದ ಸಿಂಪ್ಸನ್ ಕಂಪನಿಯೂ ಅದೇ ಊರಿನದಾದ್ದರಿಂದ, ಬಳ್ಳಾರಿಯವರು ಬಾಡಿ ಕಟ್ಟಿಸಲು ಅಲ್ಲಿಗೆ ಹೋದದ್ದು ತೀರ ಸಹಜ. ಬಾಡಿ ಕಟ್ಟಿದವರು ಸಾಮಾನ್ಯವಾಗಿ ಬಾಗಿಲಿನ ಕೆಳಪಟ್ಟಿಯ ಮೇಲೆ ತಮ್ಮ ಹೆಸರಿನ ಚಿಕ್ಕ ತಗಡು ಹೊಡೆಯುತ್ತಿದ್ದರು. ಫೋಟೊವನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿಸಿ ಆ ಜಾಗವನ್ನು ನೋಡಿರಿ.

ಆದರೆ ಒಂದು ಮಾತು ಗಮನದಲ್ಲಿರಲಿ. ಈ ಕಾರನ್ನು ವಿಶೇಷವಾಗಿಸಿದ್ದು ಅದರ ಬಾಡಿ. ಅದನ್ನು ಗುರುತಿಸಿಕೊಡುವುದು ಮಾತ್ರ ಚಾಸಿ, ಅಂದರೆ ಬಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು. ತಾವು ಹುಡುಕಬೇಕಾದದ್ದು ಮೊದಲು ಚಾಸಿಯ ಸಂಖ್ಯೆಯನ್ನು, ಆಮೇಲೆ ಬೆಂಚು ಮತ್ತು ಕೊಕ್ಕೆಗಳನ್ನು.

ಹೊಸಪೇಟೆ ಓದುಗ:

ದಾಖಲೆಗಳ ವಿಷಯದಲ್ಲಿ ಊರಿನ ಚರಿತ್ರೆಯನ್ನು ಬಿಟ್ಟು ಮುಂದುವರಿಯಲಾಗುವುದಿಲ್ಲ. 1934ರಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕೊಪ್ಪಳ ಮತ್ತು ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಜಿಲ್ಲೆಯ ನಡುವಿನಲ್ಲಿದ್ದ ಸಂಡೂರು ಕೂಡ 1949ರವರೆಗೆ ಬೇರೆಯೇ ಸಂಸ್ಥಾನ. ಅಣೆಕಟ್ಟಿನ ಕಾಮಗಾರಿಯನ್ನು 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ ಆರಂಭಿಸಿದವು. ಹೊಸಪೇಟೆಯ ದಡ ಒಂದು ಸರ್ಕಾರದ್ದು, ಮುನಿರಾಬಾದಿನ ದಡ ಇನ್ನೊಂದರದ್ದು. ಅಂದರೆ ತಮ್ಮ ಕಾರು ಗುತ್ತಿಗೆದಾರರಿಂದ ನಾಟಕ ಕಂಪನಿಗೆ ಹೋದಾಗ ಹೊಳೆ ದಾಟಿದ್ದಷ್ಟೇ ಅಲ್ಲ, ರಾಜ್ಯವನ್ನೇ ದಾಟಿತ್ತು. ಅಲ್ಲಿ ಕಾಯಂ ಆಗಿ ಓಡಿದ್ದರೆ ಹೊಸ ನಂಬರ್ ಪಡೆದಿರಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕೊಪ್ಪಳದ ಕಡೆ ನಮ್ಮ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಹೀಗೆ ಒಂದೇ ಕಾರಿನ ಹೆಸರಿನಲ್ಲಿ ಮೂರು ರಾಜ್ಯಗಳ ಕಾಗದಗಳು ಇರುವ ಸಾಧ್ಯತೆಯಿದೆ.

ಮೊದಲು ಮನೆಯ ಹಳೆಯ ಖಾತೆ ಪುಸ್ತಕಗಳನ್ನೇ ನೋಡಿರಿ. ವ್ಯಾಪಾರಸ್ಥರ ಮನೆಗಳಲ್ಲಿ ಮೋಟಾರು ತೆರಿಗೆ, ವಿಮೆ, ಪೆಟ್ರೋಲ್ ಖರ್ಚನ್ನು ಗಾಡಿಯ ನಂಬರ್ ಸಹಿತ ಬರೆದಿಡುತ್ತಿದ್ದರು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗಿನ ಕೂಪನ್ನುಗಳ ಲೆಕ್ಕವಂತೂ ಬಹಳ ಉಪಯುಕ್ತ. ಪೂರ್ಣ ನಂಬರ್ ಸಿಕ್ಕ ಮೇಲೆ ಬಳ್ಳಾರಿ ಮತ್ತು ಕೊಪ್ಪಳದ ಆರ್‌ಟಿಒ ಕಚೇರಿಗಳಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಬಹುದು, ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿಯೂ ವಿಚಾರಿಸಬಹುದು. ನಂಬರ್ ಇಲ್ಲದೆ ಬರೀ ಹೆಸರು ಹಿಡಿದು ಹೋದರೆ ಯಾವ ಗುಮಾಸ್ತರೂ ರಿಜಿಸ್ಟರ್ ತೆರೆಯುವುದು ಕಷ್ಟ.

ಗಂಗಾವತಿ ಗ್ಯಾರೇಜ್:

ನಮ್ಮದು ಮೂರು ತಲೆಮಾರಿನ ಗ್ಯಾರೇಜು. ಹಳೆಯ ಅಮೆರಿಕನ್ ಗಾಡಿಗಳ ಗತಿ ಈ ಭಾಗದಲ್ಲಿ ಹೇಗಾಗುತ್ತಿತ್ತೆಂಬುದನ್ನು ನಮ್ಮ ತಂದೆಯವರು ಹೇಳಿದಂತೆ ತಿಳಿಸುತ್ತೇನೆ. ಮೊದಲು ಹೋಗುತ್ತಿದ್ದುದು ಮರದ ಬಾಡಿ. ತೇಗದ ಚೌಕಟ್ಟು ಗಟ್ಟಿಯಿದ್ದರೂ ಮೊಳೆ, ಬೋಲ್ಟುಗಳು ತುಕ್ಕು ಹಿಡಿದು ಸಡಿಲವಾಗುತ್ತಿದ್ದವು. ಆಗ ಅದನ್ನು ಕಳಚಿ, ಚಾಸಿಯ ಮೇಲೆ ಲಾರಿಯಂತಹ ತೆರೆದ ತೊಟ್ಟಿ ಕೂರಿಸುತ್ತಿದ್ದರು. ಪರದೆ ಸಾಗಿಸಿದ ಗಾಡಿಗೆ ಇದೇ ಆಗಿರುವ ಸಂಭವ ಹೆಚ್ಚು. ಎರಡನೆಯದಾಗಿ ಎಂಜಿನ್ ಬದಲಾಗುತ್ತಿತ್ತು. ಆ ಫೋರ್ಡ್ ವಿ-8 ಎಂಜಿನ್ನಿನಲ್ಲಿ ಹೊಗೆಯ ದಾರಿ ಬ್ಲಾಕಿನ ಒಳಗಿಂದಲೇ ಹಾದುಹೋಗುವುದರಿಂದ ನೀರು ಬೇಗ ಕುದಿಯುತ್ತದೆ, ಮತ್ತು ನಮ್ಮ ಬೇಸಿಗೆ ಎಂಥದೆಂದು ತಮಗೂ ಗೊತ್ತು. ಪರ್ಕಿನ್ಸ್ ಡೀಸೆಲ್ ಎಂಜಿನ್ನುಗಳು ಮದ್ರಾಸಿನಲ್ಲಿಯೇ ತಯಾರಾಗತೊಡಗಿದ ಮೇಲೆ ಹಲವರು ಅವನ್ನೇ ಹಾಕಿಸಿಕೊಂಡರು.

ಇಷ್ಟಾದರೂ ಗುರುತು ಅಳಿಯುವುದಿಲ್ಲ. ಈ ಕಾರುಗಳಲ್ಲಿ ಚಾಸಿ ಸಂಖ್ಯೆಯನ್ನು ಗೇರ್‌ಬಾಕ್ಸಿಗೆ ಸೇರಿದ ಕ್ಲಚ್ ಹೌಸಿಂಗಿನ (ಕ್ಲಚ್ಚಿನ ಹೊರಕವಚದ) ಮೇಲೆ ಹೊಡೆದು, ಅದನ್ನೇ ಚಾಸಿಯ ಎಡಗಡೆಯ ಉದ್ದಪಟ್ಟಿಯ ಮೇಲ್ಮೈಯಲ್ಲಿಯೂ ಹೊಡೆದಿರುತ್ತಾರೆ. ಚಾಸಿಯ ಮೇಲಿನ ಸಂಖ್ಯೆ ಹೆಚ್ಚಾಗಿ ಬಾಡಿಯ ಕೆಳಗೆ ಮುಚ್ಚಿಹೋಗಿರುವುದರಿಂದ, ಗುಜರಿಯವರಿಗೂ ಅದು ಅಲ್ಲಿದೆಯೆಂದು ತಿಳಿದಿರುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರಿನ ಹಳೆಯ ಅಕ್ಕಿ ಗಿರಣಿಗಳ ಹಿತ್ತಲಲ್ಲಿ, ಹತ್ತಿ ಜಿನ್‌ಗಳ ಶೆಡ್ಡುಗಳಲ್ಲಿ ಇಂದಿಗೂ ಇಂಥ ಚಾಸಿಗಳನ್ನು ಟ್ರೇಲರ್ ಮಾಡಿಕೊಂಡವರಿದ್ದಾರೆ. ಸಿಕ್ಕರೆ ಉಜ್ಜುಕಾಗದ ಹಾಕಬೇಡಿ, ಅಂಕಿ ಸವೆದುಹೋಗುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ತೆಳು ಕಾಗದವಿಟ್ಟು, ಆರ್‌ಟಿಒಗೆ ಕೊಡುವಂತೆ ಪೆನ್ಸಿಲ್ ಪ್ರಿಂಟ್ ತೆಗೆಯಿರಿ.

ಹಳೆ ಗಾಡಿ ಅಭ್ಯಾಸಿ:

ಮೇಲಿನವರ ಮಾತು ನೂರಕ್ಕೆ ನೂರು ಸರಿ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ 1912ರ ಹಳದಿ ರೋಲ್ಸ್ ರಾಯ್ಸ್, ಕಲ್ಕತ್ತೆಯಲ್ಲಿ ಓಡಿ ಈಗ ನೆದರ್ಲೆಂಡ್ಸಿನ ಮ್ಯೂಸಿಯಂ ಸೇರಿರುವ ಹಂಸದಾಕಾರದ ಬ್ರೂಕ್ ಕಾರು ಇವೆಲ್ಲ ಉಳಿದದ್ದು ಅವುಗಳಿಗೆ ದುಡಿಮೆಯ ಹೊರೆ ಇರಲಿಲ್ಲವೆಂಬ ಕಾರಣಕ್ಕೂ ಹೌದು. ಎರೆಹೊಲದ ದಾರಿಗಳಲ್ಲಿ ಹತ್ತಿ ಕೊಳ್ಳಲು ತಿರುಗಿದ ಕಾರಿಗೆ ಆ ಭಾಗ್ಯವಿಲ್ಲ. ಆದರೆ ನಮ್ಮ ಜಿಲ್ಲೆಗಳ ಚರಿತ್ರೆ ತಿಳಿಯಲು ನನಗೆ ಇಂಥ ಕಾರೇ ಹೆಚ್ಚು ಬೆಲೆಯುಳ್ಳದ್ದು. ಇನ್ನೊಂದು ವಿಷಯ: ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದ ಪ್ರಕಾರ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮದ್ರಾಸಿನ ಬಾಡಿ ಆರಂಭದಿಂದಲೇ ಇತ್ತೆಂದು ತೋರಿಸಲು ತಮ್ಮ ಫೋಟೊ ಬೇಕಾದೀತು. ದಯವಿಟ್ಟು ಅದರ ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ.

ಕೌಲ್‌ಬಜಾರ್ ನಿವಾಸಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಖಾತೆ ಪುಸ್ತಕಗಳು ಇವೆ. ಕೆಲವು ತೆಲುಗಿನಲ್ಲಿರುವುದರಿಂದ ಓದಲು ಸಣ್ಣಜ್ಜಿಯ ನೆರವು ಬೇಕು. ಈ ವಾರ ಅವರೊಂದಿಗೆ ಕುಳಿತು ಯುದ್ಧಕಾಲದ ಪುಟಗಳಿಂದ ಆರಂಭಿಸುತ್ತೇನೆ. ನಂಬರ್ ಸಿಕ್ಕ ಕೂಡಲೇ ಇಲ್ಲಿ ಹಾಕುತ್ತೇನೆ. ಗಂಗಾವತಿಯ ಹಿರಿಯರು ಅನುಮತಿ ಕೊಟ್ಟರೆ ಗಿರಣಿಗಳ ಕಡೆ ಒಮ್ಮೆ ಅವರ ಜೊತೆಯಲ್ಲಿಯೇ ಬರುತ್ತೇನೆ.